ಮೀನಿನ ಜಿಡ್ಡು ನೋಡಿ ಹುಳಿ ಹಿಡಿಯಿರಿ: ಓದುಗರ ಅಡುಗೆ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅದೇ ಮೆಣಸು, ಅದೇ ಹುಣಸೆಹುಳಿ, ಅದೇ ಮಣ್ಣಿನ ಚಟ್ಟಿ. ಆದರೂ ಬಂಗುಡೆ ಸಾರು ಒಮ್ಮೆ ಬಾಯಿ ಚಪ್ಪರಿಸುವ ಹಾಗೆ ಆಗುತ್ತದೆ, ಇನ್ನೊಮ್ಮೆ ಮೀನು ಒಣಕಲು, ಸಾರು ಬರೀ ಹುಳಿ. ತಪ್ಪು ಎಲ್ಲಿ ಆಗುತ್ತಿದೆ?
— ಓದುಗರು, ಉಪ್ಪಳ

ಉತ್ತರ: ನಿಮ್ಮ ಕೈಯಲ್ಲಿ ತಪ್ಪಿಲ್ಲ. ಬದಲಾಗುತ್ತಿರುವುದು ಮೀನು. ಬಂಗುಡೆ, ಬೂತಾಯಿ ಎರಡೂ ಜಿಡ್ಡಿನ ಮೀನು, ಆದರೆ ಆ ಜಿಡ್ಡು ವರ್ಷವಿಡೀ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಮೊಟ್ಟೆ ಕಟ್ಟುವಾಗ ಮೈಯ ಜಿಡ್ಡೆಲ್ಲ ಮೊಟ್ಟೆಗೆ ಹೋಗುತ್ತದೆ. ಮಳೆಗಾಲ ಕಳೆದು ಕಡಲಲ್ಲಿ ತಿನ್ನಲು ಹೇರಳವಾಗಿ ಸಿಕ್ಕಿದ ಮೇಲೆ ಮೀನು ಮತ್ತೆ ತುಂಬಿಕೊಳ್ಳುತ್ತದೆ. ಹಾಗಾಗಿ ಸೆಪ್ಟೆಂಬರ್‌ನಿಂದ ನಾಲ್ಕೈದು ತಿಂಗಳು ಬೂತಾಯಿಯ ರುಚಿಯೇ ಬೇರೆ.

ಕೊಳ್ಳುವಾಗಲೇ ಇದನ್ನು ಗುರುತಿಸಬಹುದು. ಮೀನನ್ನು ಮೇಲಿನಿಂದ ನೋಡಿ. ತಲೆಯ ಹಿಂದೆ ಬೆನ್ನು ಅಗಲವಾಗಿ, ಉರುಟಾಗಿ ಇದ್ದರೆ ಜಿಡ್ಡು ಇದೆ. ತಲೆ ದೊಡ್ಡದು, ಮೈ ಸಪೂರ ಅನ್ನಿಸಿದರೆ ಅದು ಬಡಕಲು. ಮನೆಗೆ ತಂದು ಹೊಟ್ಟೆ ಸೀಳಿದಾಗ ಒಳಗೋಡೆಗೆ ಬಿಳಿ ಜಿಡ್ಡು ಅಂಟಿಕೊಂಡು ಚೂರಿಗೆ ಹತ್ತಿದರೆ ಇನ್ನು ಸಂಶಯವೇ ಬೇಡ.

ಮಸಾಲೆ ಯಾವುದೆಂದು ತೀರ್ಮಾನಿಸುವುದು ಇದಾದ ಮೇಲೆ. ಜಿಡ್ಡು ನಾಲಿಗೆಯ ಮೇಲೆ ಕೂತು ಹುಳಿ, ಖಾರ ಎರಡನ್ನೂ ಮಂದ ಮಾಡುತ್ತದೆ. ಅರ್ಧ ಕಿಲೋ ಜಿಡ್ಡಿನ ಬೂತಾಯಿಗೆ ಸಣ್ಣ ಲಿಂಬೆಯಷ್ಟು ಹುಣಸೆಹುಳಿ, ಹನ್ನೆರಡು ಮೆಣಸು, ಧಾರಾಳ ಬೆಳ್ಳುಳ್ಳಿ ಹಾಕಿ ತೆಂಗಿನಕಾಯಿ ಇಲ್ಲದ ಪುಳಿಮುಂಚಿ ಮಾಡಿದರೂ ತೂಕ ತಪ್ಪುವುದಿಲ್ಲ. ಅಷ್ಟೇ ಹುಳಿಯನ್ನು ಬಡಕಲು ಮೀನಿಗೆ ಹಾಕಿದರೆ ಹುಳಿ ಮಾತ್ರ ಮುಂದೆ ನಿಲ್ಲುತ್ತದೆ. ಅಂಥ ಮೀನಿಗೆ ಹುಳಿಯನ್ನು ಅರ್ಧ ಮಾಡಿ, ಒಂದು ಬಟ್ಟಲು ತೆಂಗಿನತುರಿ ನುಣ್ಣಗೆ ಕಡೆದು ಗಸಿ ಮಾಡಿ. ಮೀನಿನಲ್ಲಿ ಇಲ್ಲದ ಜಿಡ್ಡನ್ನು ಕಾಯಿ ಕೊಡುತ್ತದೆ. ಬೆಂಕಿಯನ್ನೂ ಬೇಗ ಆರಿಸಿ, ಜಿಡ್ಡಿಲ್ಲದ ಮಾಂಸ ಎರಡು ನಿಮಿಷ ಹೆಚ್ಚು ಕುದಿದರೂ ನಾರಾಗುತ್ತದೆ.

ಕಾಣೆ, ನಂಗ್ ಸ್ವಭಾವತಃ ಜಿಡ್ಡು ಕಡಿಮೆ ಇರುವ ಬಿಳಿ ಮಾಂಸದವು. ಇವಕ್ಕೆ ಉಪ್ಪು, ಅರಸಿನ, ಮೆಣಸಿನ ಪುಡಿ, ನಾಲ್ಕು ಹನಿ ಲಿಂಬೆ ಸಾಕು. ಹತ್ತು ಬಗೆಯ ಮಸಾಲೆ ಮೆತ್ತಿ ಕಾಣೆಯ ಸಿಹಿಯನ್ನು ಮುಚ್ಚಿಬಿಡುವುದು ನಿಜಕ್ಕೂ ನಷ್ಟ.

ಇನ್ನೊಂದು ಮಾತು. ಅಗ್ಗಕ್ಕೆ ಸಿಗುತ್ತದೆಂದು ಮರಿ ಮೀನು ಕೊಳ್ಳಬೇಡಿ. ಕೇರಳದಲ್ಲಿ 14 ಸೆಂಟಿಮೀಟರ್‌ಗಿಂತ ಚಿಕ್ಕ ಬಂಗುಡೆ, 10 ಸೆಂಟಿಮೀಟರ್‌ಗಿಂತ ಚಿಕ್ಕ ಬೂತಾಯಿ ಹಿಡಿಯಲು ಕಾನೂನಿನ ಅಡ್ಡಿ ಇದೆ. ಮರಿಯಲ್ಲಿ ಜಿಡ್ಡೂ ಇಲ್ಲ, ರುಚಿಯೂ ಇಲ್ಲ. ಮುಂದಿನ ವರ್ಷದ ಮೀನನ್ನು ಈಗಲೇ ತಿಂದು ಮುಗಿಸಿದಂತಾಗುತ್ತದೆ.

ಪ್ರಶ್ನೆ: ನಮ್ಮಲ್ಲಿಗೆ ಮೀನಿನ ಗಾಡಿ ಬರುವಾಗ ಹೊತ್ತು ಏರಿರುತ್ತದೆ. ಅಂಜಲ್ ಅಂತೂ ತುಂಡು ಮಾಡಿಯೇ ಸಿಗುವುದು. ತಾಜಾ ಹೌದೋ ಅಲ್ಲವೋ, ಕೆಡದಂತೆ ಫಾರ್ಮಲಿನ್ ಎಂಬ ರಾಸಾಯನಿಕ ಹಾಕಿದ್ದಾರೋ ಇಲ್ಲವೋ ತಿಳಿಯುವುದು ಹೇಗೆ?
— ಓದುಗರು, ಬದಿಯಡ್ಕ

ಉತ್ತರ: ಇಡೀ ಮೀನಾದರೆ ಕಿವಿರು ಎತ್ತಿ ನೋಡಿ. ಕೆಂಪಾಗಿ, ತೆಳು ಲೋಳೆಯೊಂದಿಗೆ ಕಡಲ ನೀರಿನ ವಾಸನೆ ಇರಬೇಕು. ಕಂದು ಬಣ್ಣ, ದಪ್ಪ ಅಂಟು ಲೋಳೆ ಇದ್ದರೆ ಹಳೆಯದು. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು. ಬೂತಾಯಿಯ ಹೊಟ್ಟೆಯನ್ನು ತಪ್ಪದೆ ನೋಡಿ, ಏಕೆಂದರೆ ಅದು ಕೆಡುವುದು ಅಲ್ಲಿಂದಲೇ. ಹೊಟ್ಟೆ ಒಡೆದು ಕರುಳು ಹೊರಬಂದಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಅಂಜಲ್ ತುಂಡಿನಲ್ಲಿ ಮೂರು ಕಡೆ ಕಣ್ಣು ಹಾಯಿಸಿ. ಬೆನ್ನುಮೂಳೆಯ ಪಕ್ಕದ ರಕ್ತ ಕೆಂಪಾಗಿರಬೇಕು, ಕಂದಾಗಿದ್ದರೆ ಕತ್ತರಿಸಿ ಬಹಳ ಹೊತ್ತಾಗಿದೆ. ಮಾಂಸದ ಪದರಗಳು ಒಂದಕ್ಕೊಂದು ಅಂಟಿಕೊಂಡಿರಬೇಕು, ನಡುವೆ ಬಿರುಕು ಬಿಟ್ಟಿರಬಾರದು. ತುಂಡಿನ ಮೇಲ್ಮೈ ಒದ್ದೆಯಾಗಿ ಹೊಳೆಯಬೇಕು, ಒಣಗಿ ಹಳದಿ ಬಣ್ಣಕ್ಕೆ ತಿರುಗಿರಬಾರದು. ಸಾಧ್ಯವಾದರೆ ತಲೆಯ ಹತ್ತಿರದ ತುಂಡೇ ಕೇಳಿ ಪಡೆಯಿರಿ, ಬಾಲದ ಕಡೆಗಿಂತ ಅಲ್ಲಿ ಜಿಡ್ಡು ಜಾಸ್ತಿ.

ಫಾರ್ಮಲಿನ್ ಹಾಕಿದ ಮೀನಿನಲ್ಲಿ ಲಕ್ಷಣಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಕಣ್ಣು ಒಳಗೆ ಹೋಗಿ ಮಸುಕಾಗಿರುತ್ತದೆ, ಕಿವಿರು ಬಿಳಚಿಕೊಂಡಿರುತ್ತದೆ, ಮೈ ಮಾತ್ರ ರಬ್ಬರಿನಂತೆ ಗಟ್ಟಿ. ಮೀನಿನ ವಾಸನೆಯೇ ಇರುವುದಿಲ್ಲ. ನೊಣ ಕೂರಲಿಲ್ಲ ಎಂಬುದೊಂದನ್ನೇ ನಂಬಬೇಡಿ, ಐಸಿನ ಮೇಲಿಟ್ಟ ಒಳ್ಳೆಯ ಮೀನಿಗೂ ನೊಣ ಕಡಿಮೆಯೇ. ಖಚಿತವಾಗಿ ತಿಳಿಯಬೇಕಾದರೆ ಪರೀಕ್ಷೆಯೇ ದಾರಿ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದಕ್ಕೆಂದೇ ಕಾಗದದ ಪಟ್ಟಿಯ ಕಿಟ್ ರೂಪಿಸಿದೆ. ಮೀನಿನ ಮೇಲೆ ಉಜ್ಜಿ, ಹನಿ ದ್ರಾವಣ ಹಾಕಿದರೆ ಬಣ್ಣ ಬದಲಾಗುವುದನ್ನು ನೋಡಿ ತಿಳಿಯಬಹುದು. ತೊಳೆದರೆ ಹೋಗುತ್ತದೆ ಎಂದುಕೊಂಡು ಮಾತ್ರ ಕೊಳ್ಳಬೇಡಿ.

ಮಳೆಗಾಲದಲ್ಲಿ ಹೆಚ್ಚು ಎಚ್ಚರ ಬೇಕು. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲ್ ಬೋಟುಗಳಿಗೆ ನಿಷೇಧ, ಮಂಗಳೂರಿನ ಕಡೆಯೂ ಆಗ ಬೋಟುಗಳು ದಡದಲ್ಲೇ. ಪೂರ್ವ ಕರಾವಳಿಯ ನಿಷೇಧ ಜೂನ್ ಮಧ್ಯದಲ್ಲೇ ಮುಗಿಯುತ್ತದೆ. ಜುಲೈಯಲ್ಲಿ ಗಾಡಿಯಲ್ಲಿ ದೊಡ್ಡ ಅಂಜಲ್ ಕಂಡರೆ ಅದು ತಮಿಳುನಾಡಿನ ಕಡೆಯಿಂದ ಲಾರಿಯಲ್ಲಿ ಬಂದದ್ದಿರಬಹುದು. ಆಗ ನಾಡದೋಣಿಯವರು ಹತ್ತಿರದಲ್ಲೇ ಹಿಡಿದ ಸಣ್ಣ ಮೀನೇ ಮೇಲು.

ಪ್ರಶ್ನೆ: ಮೀನು ಕಾಯಿಸುವಾಗ ಮಸಾಲೆಯೆಲ್ಲ ಕಾವಲಿಗೆ ಹಿಡಿದು ಮೀನು ಬೋಳಾಗಿ ಏಳುತ್ತದೆ. ರಾತ್ರಿಯೇ ಮಸಾಲೆ ಹಚ್ಚಿಟ್ಟರೂ ಒಳಗೆ ಚಪ್ಪೆ.
— ಗೃಹಿಣಿ, ಕುಂಬಳೆ

ಉತ್ತರ: ಅಕ್ಕ, ಎರಡು ತೊಂದರೆಗೂ ಮೂಲ ಒಂದೇ. ಉಪ್ಪನ್ನು ನೀವು ಮಸಾಲೆಯ ಜೊತೆ ಹಾಕುತ್ತಿದ್ದೀರಿ. ಉಪ್ಪು ತಾಗಿದ ಕೂಡಲೇ ಮೀನು ನೀರು ಬಿಡುತ್ತದೆ. ಆ ನೀರು ಮಸಾಲೆಯ ಅಡಿಯಲ್ಲಿ ನಿಂತು, ಕಾವಲಿಯ ಬಿಸಿಗೆ ಆವಿಯಾಗಿ ಮಸಾಲೆಯನ್ನು ಎತ್ತಿಬಿಡುತ್ತದೆ. ಉಪ್ಪು ಒಳಗೆ ಇಳಿಯದೆ ಮಸಾಲೆಯಲ್ಲೇ ಉಳಿಯುತ್ತದೆ.

ಶುಚಿ ಮಾಡಿದ ಅರ್ಧ ಕಿಲೋ ಬಂಗುಡೆಗೆ ಎರಡೂ ಬದಿ ಮೂಳೆ ತಾಗುವಷ್ಟು ಆಳಕ್ಕೆ ಮೂರು ಗೀರು ಹಾಕಿ. ಬೂತಾಯಿಗೆ ಗೀರು ಬೇಡ, ಒಡೆಯುತ್ತದೆ. ಒಂದೂಕಾಲು ಟೀ ಚಮಚ ಪುಡಿಯುಪ್ಪು, ಕಾಲು ಚಮಚ ಅರಸಿನವನ್ನು ಗೀರಿನ ಒಳಗೂ ಹೊಟ್ಟೆಯ ಒಳಗೂ ತಾಗುವಂತೆ ಉಜ್ಜಿ ಹದಿನೈದು ನಿಮಿಷ ಬಿಡಿ. ಬಟ್ಟಲಿನ ತಳದಲ್ಲಿ ನಿಂತ ನೀರನ್ನು ಚೆಲ್ಲಿ. ಮೀನನ್ನು ಮತ್ತೆ ತೊಳೆಯದೆ ಬಟ್ಟೆಯಲ್ಲಿ ಒತ್ತಿ ಒರಸಿ. ಹಸಿವಾಸನೆಯ ಬಹುಪಾಲು ಆ ನೀರಿನಲ್ಲೇ ಹೋಗುತ್ತದೆ.

ಮಸಾಲೆಗೆ ಹತ್ತು ಬ್ಯಾಡಗಿ ಮೆಣಸನ್ನು ಬೀಜ ತೆಗೆದು ಬಿಸಿನೀರಿನಲ್ಲಿ ನೆನೆಸಿ. ಒಂದು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಅರ್ಧ ಚಮಚ ಕರಿಮೆಣಸು, ಆರು ಎಸಳು ಬೆಳ್ಳುಳ್ಳಿ, ಸಣ್ಣ ನೆಲ್ಲಿಕಾಯಿಯಷ್ಟು ಹುಣಸೆಹುಳಿ ಸೇರಿಸಿ ಕಡೆಯಿರಿ. ನೀರು ಎರಡು ಮೂರು ದೊಡ್ಡ ಚಮಚ ಮೀರಬಾರದು. ಕೊನೆಗೆ ಒಂದು ದೊಡ್ಡ ಚಮಚ ಅಕ್ಕಿಹಿಟ್ಟು ಬೆರೆಸಿ. ಬೆರಳಲ್ಲಿ ತೆಗೆದರೆ ಜಾರದೆ ನಿಲ್ಲಬೇಕು, ಅದೇ ಹದ. ಹಚ್ಚಿ ಅರ್ಧ ಗಂಟೆ ಇಟ್ಟರೆ ಸಾಕು. ರಾತ್ರಿಯಿಡೀ ಇಟ್ಟರೆ ಹುಳಿಯೇ ಮೀನಿನ ಹೊರಪದರವನ್ನು ಬೇಯಿಸಿದ ಹಾಗೆ ಮಾಡಿ, ಮಾಂಸ ಪುಡಿಪುಡಿಯಾಗುತ್ತದೆ.

ಕಾವಲಿ ಕಾದ ಮೇಲೆ ಮೂರು ದೊಡ್ಡ ಚಮಚ ತೆಂಗಿನೆಣ್ಣೆ ಹಾಕಿ. ಕರಿಬೇವಿನ ಎಲೆ ಬಿಟ್ಟರೆ ಚಟಪಟ ಎನ್ನಬೇಕು. ಮೀನು ಇಟ್ಟು ಮಧ್ಯಮ ಉರಿಯಲ್ಲಿ ನಾಲ್ಕು ನಿಮಿಷ ಮುಟ್ಟಬೇಡಿ. ಕಾವಲಿಗೆ ಹಿಡಿದ ಮೀನು ಕೆಳಬದಿ ಗರಿಯಾದ ಕೂಡಲೇ ತಾನಾಗಿ ಬಿಡುತ್ತದೆ, ಅದಕ್ಕೆ ಮೊದಲೇ ಸಟ್ಟುಗ ತೂರಿಸಿದರೆ ಮಸಾಲೆ ಕಿತ್ತು ಬರುತ್ತದೆ. ಒಮ್ಮೆ ಮಾತ್ರ ಮಗುಚಿ, ಇನ್ನು ಮೂರು ನಿಮಿಷ. ಉರಿ ಜೋರಾದರೆ ಮೆಣಸು ಕರಿದು ಕಹಿಯಾಗುತ್ತದೆ. ಕಾವಲಿ ತುಂಬ ಮೀನು ಹೇರಿದರೆ ಎಣ್ಣೆ ತಣಿದು ಮೀನು ಬೇಯುತ್ತದೆಯೇ ಹೊರತು ಗರಿಯಾಗುವುದಿಲ್ಲ.

ರವೆ ಹೊದಿಸುವುದು ಕಾಣೆ, ನಂಗ್‌ಗೆ ಚೆನ್ನ. ಎಣ್ಣೆಗೆ ಬಿಡುವ ಒಂದು ನಿಮಿಷ ಮೊದಲಷ್ಟೇ ಹೊದಿಸಿ, ಮುಂಚೆಯೇ ಮಾಡಿಟ್ಟರೆ ರವೆ ನೀರು ಕುಡಿದು ಹಿಟ್ಟಾಗುತ್ತದೆ.

ಪ್ರಶ್ನೆ: ಸಾರಿನಲ್ಲಿ ಮೀನು ಕರಗಿ ಮುಳ್ಳು ಮಾತ್ರ ಉಳಿಯುತ್ತದೆ.
— ಓದುಗರು, ಪೆರ್ಲ

ಉತ್ತರ: ಮೀನನ್ನು ಮಸಾಲೆಯ ಜೊತೆಗೇ ಕುದಿಸಬೇಡಿ. ಅರೆದ ಮಸಾಲೆ, ಹುಳಿ, ಉಪ್ಪು ಹಾಕಿ ಹಸಿವಾಸನೆ ಹೋಗುವ ತನಕ ಹತ್ತು ನಿಮಿಷ ಮೊದಲು ಕುದಿಯಲಿ. ಆಮೇಲೆ ಮೀನು ಹಾಕಿ ಸಣ್ಣ ಉರಿಯಲ್ಲಿ ಬೂತಾಯಿಗೆ ಐದು ನಿಮಿಷ, ಬಂಗುಡೆ ತುಂಡಿಗೆ ಏಳೆಂಟು ನಿಮಿಷ. ಸೌಟು ಹಾಕದೆ ಚಟ್ಟಿಯನ್ನೇ ಹಿಡಿದು ತಿರುಗಿಸಿ. ಮಣ್ಣಿನ ಚಟ್ಟಿ ಇಳಿಸಿದ ಮೇಲೂ ಕುದಿಯುತ್ತಿರುತ್ತದೆ, ಆದ್ದರಿಂದ ಒಂದು ನಿಮಿಷ ಮೊದಲೇ ಇಳಿಸಿ. ಕೊಡ್ಡಾಯಿಯಂಥ ಮೆತ್ತನೆಯ ಮೀನಾದರೆ ಮೂರು ಕುದಿ ಬಂದರೆ ಆಯಿತು.

ಪ್ರಶ್ನೆ: ಹೊಳೆಮೀನು, ಕೆರೆಮೀನಿಗೆ ಮಣ್ಣಿನ ವಾಸನೆ ಏಕೆ?
— ಓದುಗರು, ಮುಳ್ಳೇರಿಯ

ಉತ್ತರ: ನಿಂತ ನೀರಿನ ಪಾಚಿ ಮತ್ತು ಸೂಕ್ಷ್ಮಜೀವಿಗಳಿಂದ ಹುಟ್ಟುವ ಜಿಯೋಸ್ಮಿನ್ ಎಂಬ ವಸ್ತು ಮೀನಿನ ಚರ್ಮ ಮತ್ತು ಜಿಡ್ಡಿನಲ್ಲಿ ಸೇರಿಕೊಳ್ಳುತ್ತದೆ. ಪಯಸ್ವಿನಿಯಂತಹ ಹರಿಯುವ ಹೊಳೆಯ ಮೀನಿಗಿಂತ ಕೆರೆಯ ಮೀನಿಗೆ ಇದು ಹೆಚ್ಚು. ಹುಳಿ ತಾಗಿದರೆ ಜಿಯೋಸ್ಮಿನ್ ಒಡೆಯುತ್ತದೆ. ಹುಣಸೆ ರಸದಲ್ಲಿ ಉಪ್ಪು ಬೆರೆಸಿ ಇಪ್ಪತ್ತು ನಿಮಿಷ ನೆನೆಸಿ ತೊಳೆಯಿರಿ, ಸಾರಿಗೆ ಬಿಂಬುಳಿ ಅಥವಾ ಮಾವಿನಕಾಯಿ ಹಾಕಿ. ವಾಸನೆ ಬಲವಾಗಿದ್ದರೆ ಚರ್ಮ ಸುಲಿಯುವುದೇ ಒಳ್ಳೆಯದು.

ಪ್ರಶ್ನೆ: ಬಂಗುಡೆ ತಿಂದ ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ ತುರಿಕೆ ಬಂತು. ಹಿಂದೆಂದೂ ಆಗಿರಲಿಲ್ಲ. ಮೀನು ಸರಿಯಾಗಿ ಬೆಂದಿತ್ತು.
— ಓದುಗರು, ಕಾಸರಗೋಡು

ಉತ್ತರ: ಬಂಗುಡೆ, ಬೂತಾಯಿ, ಕೇದರದಂಥ ಮೀನುಗಳನ್ನು ಐಸ್ ಇಲ್ಲದೆ ಕೆಲವು ಗಂಟೆ ಇಟ್ಟರೆ ಬ್ಯಾಕ್ಟೀರಿಯಾಗಳಿಂದ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ, ಮುಖ ಕೆಂಪಾಗಿ ತುರಿಕೆ ಬರುವುದು ಅದರಿಂದ ಇರಬಹುದು. ಒಮ್ಮೆ ಹುಟ್ಟಿದರೆ ಬೇಯಿಸಿದರೂ ಕಾಯಿಸಿದರೂ ಹೋಗುವುದಿಲ್ಲ. ತಿನ್ನುವಾಗ ನಾಲಿಗೆಗೆ ಚುರುಚುರು ಅಂದರೆ ಅಲ್ಲಿಗೇ ನಿಲ್ಲಿಸಿ. ಹಾಗೆಂದು ಅಲರ್ಜಿ ಅಲ್ಲವೆಂದು ನೀವೇ ತೀರ್ಮಾನಿಸಬೇಡಿ, ಒಮ್ಮೆ ವೈದ್ಯರಿಗೆ ತೋರಿಸಿ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿಕೊಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಹೆಚ್ಚು ಸಿಕ್ಕಾಗ ಫ್ರೀಜರಿನಲ್ಲಿ ಇಡುವುದು ಹೇಗೆ?
— ಓದುಗರು, ಮಂಜೇಶ್ವರ

ಉತ್ತರ: ಕಿವಿರು, ಕರುಳು ತೆಗೆದು ತೊಳೆದು, ಉಪ್ಪು ಹಾಕದೆ ಇಡಿ. ಉಪ್ಪು ತಾಗಿದ ಜಿಡ್ಡು ಬೇಗ ಕನೆಯುತ್ತದೆ. ಒಂದು ಹೊತ್ತಿಗೆ ಬೇಕಾದಷ್ಟನ್ನು ಡಬ್ಬಿಯಲ್ಲಿ ಹಾಕಿ, ಮೀನು ಮುಳುಗುವಷ್ಟು ನೀರು ತುಂಬಿದರೆ ಗಾಳಿ ತಾಗುವುದಿಲ್ಲ. ಬಂಗುಡೆ, ಬೂತಾಯಿಯನ್ನು ಒಂದು ತಿಂಗಳೊಳಗೆ, ಕಾಣೆ, ನಂಗ್‌ಅನ್ನು ಎರಡು ತಿಂಗಳೊಳಗೆ ಮುಗಿಸಿ. ಅಡುಗೆಯ ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ತಟ್ಟಿಗೆ ಇಳಿಸಿ ಕರಗಿಸಿ, ಬಿಸಿನೀರು ಹೊಯ್ಯಬೇಡಿ.