ಓದುಗರ ಪ್ರಶ್ನೆ: ಮಾಯಾ ಪಿರಮಿಡ್, ಹಾವೇರಿಯ ಸೂರ್ಯ, ಭೂಪಟದ ಮೋಸ

ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದೆ. ಮೆಕ್ಸಿಕೋದ ಚಿಚೆನ್ ಇಟ್ಜಾ ಪಿರಮಿಡ್ಡಿನಲ್ಲೂ ಬಿಸಿಲಿನ ಹಾವು ಇಳಿಯುತ್ತದಂತೆ. ವರ್ಷದಲ್ಲಿ ಅದೊಂದೇ ದಿನ ಹೀಗಾಗುವಂತೆ ಕಟ್ಟಿದ್ದು ಹೇಗೆ?
– ಗವಿಪುರದ ಓದುಗರು

ಅದೊಂದೇ ದಿನ ಎನ್ನುವುದು ಎರಡು ಕಡೆಯೂ ನಿಜವಲ್ಲ. ಉತ್ತರಾಯಣ, ದಕ್ಷಿಣಾಯನ ಎಂದು ಸೂರ್ಯ ಹೋಗಿ ಬರುವ ದಾರಿಯಲ್ಲಿ ಎರಡು ತುದಿ ಬಿಟ್ಟರೆ ಉಳಿದೆಲ್ಲ ಜಾಗವನ್ನೂ ವರ್ಷಕ್ಕೆ ಎರಡು ಸಲ ಹಾಯುತ್ತಾನೆ. ಜನವರಿ 14ರಂದು ಅವನು ಸಮಭಾಜಕದಿಂದ ಸುಮಾರು 21 ಡಿಗ್ರಿ ದಕ್ಷಿಣಕ್ಕಿರುತ್ತಾನೆ. ನವೆಂಬರ್ ಕೊನೆಯ ವಾರದಲ್ಲೂ ಅಲ್ಲೇ ಇರುತ್ತಾನೆ. ಹಾಗಾಗಿ ಗವಿಯೊಳಗೆ ಅದೇ ಬಿಸಿಲು ಆಗಲೂ ಅದೇ ದಾರಿಯಲ್ಲಿ ಬರುತ್ತದೆ. ಜನಸಂದಣಿ ಇರುವುದಿಲ್ಲ, ಅಷ್ಟೇ.

ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನ ಕಟ್ಟಿದ ಚಿಚೆನ್ ಇಟ್ಜಾದ ಕುಕುಲ್ಕನ್ ಪಿರಮಿಡ್ಡಿಗೆ ಒಂಬತ್ತು ಅಂತಸ್ತು. ಮೇಲಿನ ಗುಡಿ ಸೇರಿ ಎತ್ತರ ಸುಮಾರು 30 ಮೀಟರ್. ಕಟ್ಟಡ ನೇರ ಉತ್ತರಕ್ಕೆ ಮುಖ ಮಾಡಿಲ್ಲ, 20 ಡಿಗ್ರಿಗಿಂತ ತುಸು ಹೆಚ್ಚು ಪೂರ್ವಕ್ಕೆ ತಿರುಗಿದೆ. ಗುಟ್ಟಿರುವುದು ಈ ತಿರುವಿನಲ್ಲೇ. ಮಾರ್ಚ್ 20 ಮತ್ತು ಸೆಪ್ಟೆಂಬರ್ 22ರ ಆಸುಪಾಸಿನಲ್ಲಿ ಸಂಜೆಯ ಬಿಸಿಲು ಪಶ್ಚಿಮದಿಂದ ಬಂದಾಗ, ವಾಯವ್ಯ ಮೂಲೆಯ ಅಂತಸ್ತುಗಳ ನೆರಳು ಉತ್ತರದ ಮೆಟ್ಟಿಲಿನ ಪಕ್ಕದ ಕೈಗೋಡೆಯ ಮೇಲೆ ಬೀಳುತ್ತದೆ. ನೆರಳಿನ ನಡುವೆ ಬೆಳಕಿನ ತ್ರಿಕೋನಗಳ ಸಾಲು ಉಳಿಯುತ್ತದೆ. ಗೋಡೆಯ ಬುಡದಲ್ಲಿ ಕಲ್ಲಿನ ಹಾವಿನ ತಲೆ ಇದೆ, ಬೆಳಕು ಅದಕ್ಕೆ ಮೈಯಾಗುತ್ತದೆ.

ಆದರೆ ಆ ದಿನಕ್ಕೆ ಹಲವು ದಿನ ಹಿಂದೆ ಮುಂದೆ ನೋಡಿದರೂ ಹಾವು ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ಆದ್ದರಿಂದ ಇದನ್ನು ಕರಾರುವಾಕ್ಕಾದ ಉಪಕರಣ ಎನ್ನುವುದು ಅತಿಯಾಯಿತು. ಬೇಕೆಂದೇ ಹೀಗೆ ಕಟ್ಟಿದರೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮೆಟ್ಟಿಲಿನ ಲೆಕ್ಕವನ್ನು ಮಾತ್ರ ಆಕಸ್ಮಿಕ ಎನ್ನುವುದು ಕಷ್ಟ: ನಾಲ್ಕು ಬದಿಗೆ ತಲಾ 91, ಮೇಲಿನ ಜಗಲಿ ಒಂದು, ಒಟ್ಟು 365.

ಬೆಂಗಳೂರಿನ ಶೂನ್ಯ ನೆರಳಿನ ದಿನವನ್ನು ಮನೆಯಲ್ಲೇ ನೋಡುವುದು ಹೇಗೆ? ಮಾಯಾ ಜನರಿಗೆ ಇದು ಗೊತ್ತಿತ್ತೇ?
– ಮಲ್ಲೇಶ್ವರದ ಒಂಬತ್ತನೇ ತರಗತಿ ವಿದ್ಯಾರ್ಥಿನಿ

ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸೂರ್ಯ ಸಮಭಾಜಕದಿಂದ ಅಷ್ಟೇ ಉತ್ತರಕ್ಕೆ ಬಂದಾಗ ಮಧ್ಯಾಹ್ನ ನಮ್ಮ ನಡುನೆತ್ತಿಯ ಮೇಲಿರುತ್ತಾನೆ. ಅದು ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ. ಗಡಿಯಾರದ ಹನ್ನೆರಡಕ್ಕೆ ಕಾದು ಕೂತರೆ ಬೇಸ್ತು ಬೀಳುವುದು ಖಂಡಿತ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಬೆಂಗಳೂರು ಇರುವುದು 77.6ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸುಮಾರು 20 ನಿಮಿಷ ತಡ. ಭೂಮಿಯ ಕಕ್ಷೆಯಿಂದಾಗುವ ಸಣ್ಣ ಏರುಪೇರನ್ನೂ ಸೇರಿಸಿದರೆ ಏಪ್ರಿಲ್‌ನಲ್ಲಿ 12 ಗಂಟೆ 18 ನಿಮಿಷ, ಆಗಸ್ಟ್‌ನಲ್ಲಿ 12 ಗಂಟೆ 23 ನಿಮಿಷ.

ತಾರಸಿಯ ಮೇಲೆ ನೀರು ಹರಿಯಲೆಂದು ಇಳಿಜಾರು ಇಟ್ಟಿರುತ್ತಾರೆ. ಆದ್ದರಿಂದ ನೆಲ ನಂಬಬೇಡಿ. ಒಂದು ಹಲಗೆ ಹಾಕಿ, ಅಡಿಗೆ ಕಾಗದ ಮಡಚಿಟ್ಟು, ಗಾರೆಯವರ ರಸಮಟ್ಟದಿಂದ ಎರಡು ದಿಕ್ಕಿನಲ್ಲೂ ಮಟ್ಟ ನೋಡಿ. ಅದರ ಮೇಲೆ ನೇರವಾದ ಪೈಪಿನ ತುಂಡು ನಿಲ್ಲಿಸಿ, ದಾರಕ್ಕೆ ತೂಕ ಕಟ್ಟಿ ಇಳಿಬಿಟ್ಟು ಪೈಪು ವಾಲಿಲ್ಲವೆಂದು ಖಚಿತ ಮಾಡಿಕೊಳ್ಳಿ. ಒಂದು ಮೀಟರ್ ಪೈಪು ಒಂದು ಡಿಗ್ರಿ ವಾಲಿದರೂ 1.7 ಸೆಂಟಿಮೀಟರ್ ನೆರಳು ಉಳಿಯುತ್ತದೆ. ದಿನ ಒಂದು ಹೆಚ್ಚುಕಡಿಮೆಯಾದರೆ ಆಗುವ ವ್ಯತ್ಯಾಸ ಆರೇ ಮಿಲಿಮೀಟರ್. ಅಂದರೆ ಪ್ರಯೋಗ ಕೆಡುವುದು ಹೆಚ್ಚಾಗಿ ತಾರೀಖಿನಿಂದಲ್ಲ, ವಾಲಿದ ಕೋಲಿನಿಂದ. ಹತ್ತು ನಿಮಿಷ ಮೊದಲೇ ನೋಡಿದರೆ ನೆರಳು ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚಿರುತ್ತದೆ, ಆದ್ದರಿಂದ ಸಮಯವೂ ಮುಖ್ಯ. ನೆರಳನ್ನಷ್ಟೇ ನೋಡಿ, ಸೂರ್ಯನನ್ನು ನೋಡಬೇಡಿ.

23.4 ಡಿಗ್ರಿಗಿಂತ ಉತ್ತರದ ದೆಹಲಿಗೆ ಈ ಭಾಗ್ಯವಿಲ್ಲ. ಮಾಯಾ ನಾಡು ಪೂರ್ತಿಯಾಗಿ ಉಷ್ಣವಲಯದೊಳಗಿದೆ. ಚಿಚೆನ್ ಇಟ್ಜಾದಲ್ಲಿ ಮೇ 23 ಮತ್ತು ಜುಲೈ 20ರ ಸುಮಾರಿಗೆ ನೆರಳು ಮಾಯವಾಗುತ್ತದೆ.

ಇನ್ನೊಂದು ಲೆಕ್ಕ ನಮಗಂತೂ ತುಂಬ ಹತ್ತಿರದ್ದು. ಮಾಯಾ ಜನರಿಗೆ 365 ದಿನಗಳ ವರ್ಷದ ಜೊತೆಗೆ 260 ದಿನಗಳ ಪವಿತ್ರ ಪಂಚಾಂಗವೊಂದಿತ್ತು. ಈ 260 ಎಲ್ಲಿಂದ ಬಂತು? ಅವರ ಕೋಪಾನ್ ನಗರ ಇರುವುದು 14.8 ಡಿಗ್ರಿ ಅಕ್ಷಾಂಶದಲ್ಲಿ. ಅಲ್ಲಿ ಆಗಸ್ಟ್ 13ರ ಸುಮಾರಿಗೆ ನಡುನೆತ್ತಿ ದಾಟಿ ದಕ್ಷಿಣಕ್ಕೆ ಹೋದ ಸೂರ್ಯ ಮರಳಿ ನೆತ್ತಿಗೆ ಬರುವುದು ಏಪ್ರಿಲ್ 30ಕ್ಕೆ. ಎಣಿಸಿ ನೋಡಿ, ಸರಿಯಾಗಿ 260 ದಿನ. ಪಂಚಾಂಗದ ಮೂಲ ಇದೇ ಎಂದು ಕೆಲವು ವಿದ್ವಾಂಸರ ವಾದ. ಇನ್ನು ಕೆಲವರು ಗರ್ಭದ ಒಂಬತ್ತು ತಿಂಗಳನ್ನೋ, 13 ಮತ್ತು 20ರ ಗುಣಲಬ್ಧವನ್ನೋ ಮುಂದಿಡುತ್ತಾರೆ. ಕರ್ನಾಟಕದಲ್ಲಿ 14.8 ಡಿಗ್ರಿಯಲ್ಲಿರುವ ಊರು ಹಾವೇರಿ. ಅಲ್ಲಿ ಕೋಲು ನೆಟ್ಟರೂ ಇದೇ 260 ಸಿಗುತ್ತದೆ. ಬೆಂಗಳೂರಿನಲ್ಲಿ ಸಿಗುವುದು 249.

ಟಿಕಾಲ್ ನಗರವೂ ನಮ್ಮ ಕಲಬುರಗಿಯೂ ಒಂದೇ ಅಕ್ಷಾಂಶವಂತೆ. ಹಾಗಿದ್ದರೆ ಅಲ್ಲಿ ಕಾಡು, ಇಲ್ಲಿ ತೊಗರಿ ಹೊಲ ಏಕೆ? ಅಷ್ಟು ಮಳೆ ಬೀಳುವ ಕಡೆ ನೀರಿಗೆ ಕಷ್ಟಪಟ್ಟರು ಎನ್ನುತ್ತಾರಲ್ಲ?
– ಯಲಹಂಕದಲ್ಲಿ ನೆಲೆಸಿರುವ ಕಲಬುರಗಿಯವರು

ಗ್ವಾಟೆಮಾಲಾದಲ್ಲಿರುವ ಮಾಯಾ ನಗರ ಟಿಕಾಲ್ 17.2 ಡಿಗ್ರಿ, ಕಲಬುರಗಿ 17.3. ಬಿಸಿಲು ಬೀಳುವ ಕೋನ ಒಂದೇ, ಆದರೆ ತೇವ ಹೊತ್ತ ಗಾಳಿ ಬೇರೆ. ಟಿಕಾಲ್‌ಗೆ ಕೆರಿಬಿಯನ್ ಕಡಲಿನ ಗಾಳಿ ಹೆಚ್ಚು ಅಡ್ಡಿಯಿಲ್ಲದೆ ಬರುತ್ತದೆ. ಕಲಬುರಗಿಗೆ ಬರುವ ಮುಂಗಾರು ಪಶ್ಚಿಮ ಘಟ್ಟದಲ್ಲೇ ಬಹುಪಾಲು ಮಳೆ ಸುರಿಸಿ, ಹಗುರಾಗಿ ಈಚೆ ಇಳಿಯುತ್ತದೆ.

ನೀರಿನ ಕಷ್ಟಕ್ಕೆ ಕಾರಣ ಕಲ್ಲು. ಟಿಕಾಲ್, ಚಿಚೆನ್ ಇಟ್ಜಾಗಳಿರುವ ಯುಕಟಾನ್ ಪರ್ಯಾಯದ್ವೀಪ ಸುಣ್ಣಕಲ್ಲಿನ ಹಾಸು. ಮಳೆನೀರು ಅದನ್ನು ಕರಗಿಸಿ ಕೆಳಗಿಳಿದುಬಿಡುತ್ತದೆ. ಉತ್ತರ ಯುಕಟಾನ್‌ನಲ್ಲಿ ಮೇಲೆ ಹರಿಯುವ ನದಿಗಳೇ ಇಲ್ಲವೆನ್ನಬೇಕು, ನದಿಗಳೆಲ್ಲ ನೆಲದಡಿ. ಗುಹೆಯ ಚಾವಣಿ ಕುಸಿದಲ್ಲಿ ಸೆನೋಟೆ ಎಂಬ ಆಳವಾದ ಮಡುಗಳು ತೆರೆದುಕೊಳ್ಳುತ್ತವೆ. ಇವುಗಳಲ್ಲಿ ಹಲವು ಸುಮಾರು 180 ಕಿಲೋಮೀಟರ್ ಅಗಲದ ಒಂದು ವೃತ್ತದ ಅಂಚಿಗೆ ಸಾಲುಗಟ್ಟಿವೆ. ಅದು 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳ ಕಾಲ ಮುಗಿಸಿದ ಕ್ಷುದ್ರಗ್ರಹ ಬಿದ್ದ ಜಾಗ. ಕುಳಿ ಹೂತುಹೋಗಿದೆ, ಅಂಚು ಮಾತ್ರ ನೀರಿನ ರೂಪದಲ್ಲಿ ಮೇಲೆ ಕಾಣುತ್ತದೆ.

ಸೆನೋಟೆ ಇಲ್ಲದ, ಯುಕಟಾನ್‌ನದೇ ಆದ ಪೂಕ್ ಗುಡ್ಡಗಳ ಜನ ಚುಲ್ತುನ್ ಕಟ್ಟಿದರು. ನಮ್ಮ ಸಂಪನ್ನು ನೆನೆಸಿಕೊಳ್ಳಿ. ಕಲ್ಲಿನಲ್ಲಿ ಹೂಜಿಯ ಆಕಾರದ ಗುಂಡಿ ಕೊರೆದು, ಒಳಗೆ ಸುಣ್ಣದ ಗಾರೆ ಬಳಿದು, ಬಾಯಿ ಕಿರಿದಾಗಿ ಬಿಡುತ್ತಿದ್ದರು. ಬಿಸಿಲು, ಕಸ ಒಳಗೆ ಹೋಗದಿರಲು ಕಿರುಬಾಯಿ ಬೇಕು. ಸುತ್ತ ಅಂಗಳಕ್ಕೂ ಗಾರೆ ಹಾಕಿ ಬಾಯಿಯ ಕಡೆಗೆ ಇಳಿಜಾರು ಕೊಡುತ್ತಿದ್ದರು. ನೂರು ಚದರ ಮೀಟರ್ ಅಂಗಳಕ್ಕೆ ಸಾವಿರ ಮಿಲಿಮೀಟರ್ ಮಳೆ ಬಿದ್ದರೆ ಲೆಕ್ಕಕ್ಕೆ ಒಂದು ಲಕ್ಷ ಲೀಟರ್. ನಿಮ್ಮ ತಾರಸಿಗೂ ಇದೇ ಲೆಕ್ಕ, ಬೆಂಗಳೂರಿನ ಮಳೆಯೂ ಸುಮಾರು ಅಷ್ಟೇ. ಕೆಡುತ್ತಿದ್ದದ್ದು ಗಾರೆ. ಒಂದು ಬಿರುಕು ಬಿಟ್ಟರೆ ಸಾಕು, ಅಡಿಯ ಸುಣ್ಣಕಲ್ಲು ನೀರನ್ನು ಹೀರಿಕೊಂಡು ಬೇಸಿಗೆಗೆ ಗುಂಡಿ ಬರಿದು. ಆದ್ದರಿಂದ ಮತ್ತೆ ಮತ್ತೆ ಸುಣ್ಣ ಸುಡಬೇಕು, ಸುಡಲು ಮರ ಕಡಿಯಬೇಕು.

ಟಿಕಾಲ್‌ನವರು ಗಾರೆ ಹಾಕಿದ ಚೌಕಗಳಿಂದಲೇ ನೀರು ಹರಿಸಿ ಕಟ್ಟೆಗಳಲ್ಲಿ ನಿಲ್ಲಿಸಿಕೊಂಡರು. ಅಲ್ಲಿನ ಒಂದು ಕಟ್ಟೆಯಲ್ಲಿ ನೀರು ಶುದ್ಧಿಗೆ ಜಿಯೋಲೈಟ್ ಖನಿಜ ಮತ್ತು ಸ್ಫಟಿಕದ ಮರಳು ಬಳಸಿದ ಕುರುಹು ಸಿಕ್ಕಿದ್ದನ್ನು 2020ರಲ್ಲಿ ಪ್ರಕಟಿಸಿದರು. ಬೆಂಗಳೂರಿನಡಿ ಇರುವುದು ಲಾಲ್‌ಬಾಗ್ ಬಂಡೆಯಂಥ ಗಟ್ಟಿ ನೈಸ್ ಶಿಲೆ. ನೀರಿಗೆ ಕರಗುವುದಿಲ್ಲ. ಅದಕ್ಕೇ ಇಲ್ಲಿ ಏರಿ ಹಾಕಿದರೆ ಕೆರೆ ನಿಲ್ಲುತ್ತದೆ.

ಮಹಾಭಾರತದ ಮಯಾಸುರನಿಗೂ ಮಾಯಾ ಜನರಿಗೂ ಸಂಬಂಧವಿದೆ ಎಂದು ವಾಟ್ಸಾಪಿನಲ್ಲಿ ಬಂದಿದೆ. ನಿಜವೇ?
– ರಾಜಾಜಿನಗರದ ಓದುಗರು

ಇಲ್ಲ. ಹೆಸರಿನ ಹೋಲಿಕೆ ಅಷ್ಟೇ. ಕಲ್ಲನ್ನು ಒಂದರ ಮೇಲೊಂದು ಮುಂದಕ್ಕೆ ಚಾಚಿ ಚಾವಣಿ ಮುಚ್ಚುವ ವಿಧಾನ ನಮ್ಮ ಗುಡಿಗಳಲ್ಲೂ ಇದೆ, ಅಲ್ಲೂ ಇದೆ. ಅದನ್ನು ಕಲ್ಲೇ ಕಲಿಸುತ್ತದೆ, ಅಸುರ ಬರಬೇಕಿಲ್ಲ. ಅವರ ಸೊನ್ನೆಯೂ ಸ್ವತಂತ್ರ ಕಲ್ಪನೆ. ಎಣಿಕೆ ಇಪ್ಪತ್ತರ ಲೆಕ್ಕ, ಚುಕ್ಕಿಗೆ ಒಂದು, ಗೆರೆಗೆ ಐದು, ಚಿಪ್ಪಿನ ಚಿತ್ರಕ್ಕೆ ಸೊನ್ನೆ. ನಿಜಕ್ಕೂ ಹೋಲುವುದು ಲಿಪಿಯ ಒಂದು ಗುಣ. ಅವರ ಹಲವು ಅಕ್ಷರಗಳು ನಮ್ಮ ಗುಣಿತಾಕ್ಷರದಂತೆ ವ್ಯಂಜನ, ಸ್ವರ ಕೂಡಿದ ಉಚ್ಚಾರಾಂಶಗಳು. ಬಲಾಮ್, ಅಂದರೆ ಜಾಗ್ವಾರ್, ಎನ್ನಲು ‘ಬ-ಲ-ಮ’ ಎಂದು ಬರೆದು ಕೊನೆಯ ಸ್ವರ ಬಿಟ್ಟು ಓದುತ್ತಿದ್ದರು. ಲಿಪಿಯ ಈ ಗುಟ್ಟನ್ನು 1952ರಲ್ಲಿ ಮುಂದಿಟ್ಟವರು ರಷ್ಯಾದ ಯೂರಿ ಕ್ನೊರೊಜೊವ್. ಇನ್ನೊಂದು ಮಾತು: ಮಾಯಾ ಜನ ಕಣ್ಮರೆಯಾಗಿಲ್ಲ. ಗ್ವಾಟೆಮಾಲಾ, ಮೆಕ್ಸಿಕೋಗಳಲ್ಲಿ ಲಕ್ಷಾಂತರ ಮಂದಿ ಇವತ್ತಿಗೂ ಮಾಯಾ ನುಡಿಗಳನ್ನು ಆಡುತ್ತಾರೆ.

2012ಕ್ಕೆ ಲೋಕ ಮುಗಿಯುತ್ತದೆ ಎಂದು ಅವರ ಪಂಚಾಂಗ ನಿಜವಾಗಿ ಹೇಳಿತ್ತೇ?
– ಜಯನಗರದ ಓದುಗರು

ಹೇಳಿರಲಿಲ್ಲ. 20 ದಿನ ಒಂದು ವಿನಾಲ್, 18 ವಿನಾಲ್ ಒಂದು ತುನ್ (360 ದಿನ), 20 ತುನ್ ಒಂದು ಕತುನ್, 20 ಕತುನ್ ಒಂದು ಬಕ್ತುನ್ (1,44,000 ದಿನ). ಕ್ರಿ.ಪೂ. 3114ರ ಆಗಸ್ಟ್‌ನಿಂದ ಎಣಿಸಿದರೆ 13 ಬಕ್ತುನ್ ತುಂಬಿದ್ದು 2012ರ ಡಿಸೆಂಬರ್ 21ಕ್ಕೆ. ಅಕ್ಷಯ ಸಂವತ್ಸರ ಮುಗಿದ ಮೇಲೆ ಪ್ರಭವ ಬರುವುದಿಲ್ಲವೇ, ಹಾಗೆ. ಪಲೆಂಕೆ ಎಂಬ ಮಾಯಾ ನಗರದ ಶಾಸನವೊಂದು ಕ್ರಿ.ಶ. 4772ರ ದಿನವೊಂದನ್ನು ಮುಂಚಿತವಾಗಿಯೇ ಲೆಕ್ಕ ಹಾಕಿಟ್ಟಿದೆ. ಲೋಕ ಮುಗಿಯುತ್ತದೆ ಎಂದುಕೊಂಡವರು ಮಾಡುವ ಕೆಲಸವಲ್ಲ ಅದು.

ಬೆಂಗಳೂರಿನಿಂದ ಮೆಕ್ಸಿಕೋ ಯಾವ ದಿಕ್ಕಿಗಿದೆ? ಪೂರ್ವಕ್ಕೋ ಪಶ್ಚಿಮಕ್ಕೋ?
– ವಿಜಯನಗರದ ಓದುಗರು

ಉತ್ತರಕ್ಕೆ, ತುಸು ಪಶ್ಚಿಮಕ್ಕೆ ವಾಲಿ! ಗ್ಲೋಬಿನ ಮೇಲೆ ಬೆಂಗಳೂರಿನಿಂದ ಯುಕಟಾನ್‌ಗೆ ದಾರ ಎಳೆದು ಬಿಗಿ ಹಿಡಿಯಿರಿ. ದಾರ ರಷ್ಯಾ, ನಾರ್ವೆ, ಗ್ರೀನ್‌ಲ್ಯಾಂಡ್ ಮೇಲೆ ಹಾದು ಇಳಿಯುತ್ತದೆ, ದೂರ ಸುಮಾರು 16,000 ಕಿಲೋಮೀಟರ್. ಗೋಡೆಯ ಭೂಪಟ ಇದನ್ನು ಮರೆಮಾಚುತ್ತದೆ. 1569ರ ಮರ್ಕೇಟರ್ ಮಾದರಿಯ ನಕ್ಷೆಯಲ್ಲಿ ಧ್ರುವದ ಕಡೆಯ ನಾಡುಗಳು ಹಿಗ್ಗುತ್ತವೆ. ಅಲ್ಲಿ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುವ ಗ್ರೀನ್‌ಲ್ಯಾಂಡ್ ನಿಜದಲ್ಲಿ ಅದರ ಹದಿನಾಲ್ಕನೇ ಒಂದು ಪಾಲು. ಪನಾಮಾ ಕಾಲುವೆಯನ್ನೂ ನೋಡಿ: ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಹೋಗುವ ಹಡಗು ಪಶ್ಚಿಮಕ್ಕಲ್ಲ, ಆಗ್ನೇಯಕ್ಕೆ ಸಾಗುತ್ತದೆ.

ಚಿಚೆನ್ ಇಟ್ಜಾ ನೋಡಲು ಹೊರಟಿದ್ದೇವೆ. ಏನು ಗಮನಿಸಬೇಕು?
– ಬನಶಂಕರಿಯ ದಂಪತಿ

ಬೆಂಗಳೂರಿನಿಂದ ನೇರ ವಿಮಾನವಿಲ್ಲ. ದಾರಿಯಲ್ಲಿ ಇಳಿಯುವ ದೇಶದ ವೀಸಾ ನಿಯಮವನ್ನು ಟಿಕೆಟ್ ಕೊಳ್ಳುವ ಮೊದಲೇ ನೋಡಿ. ಕಾನ್‌ಕುನ್ ವಿಮಾನ ನಿಲ್ದಾಣದಿಂದ ಸುಮಾರು 200 ಕಿಲೋಮೀಟರ್ ದೂರ. ಹಿಂದಿನ ರಾತ್ರಿ ವಯ್ಯದೊಲಿದ್ ಪಟ್ಟಣದಲ್ಲಿ ಉಳಿದರೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಒಳಗಿರಬಹುದು. ಹತ್ತು ಗಂಟೆಯ ಮೇಲೆ ಪ್ರವಾಸಿ ಬಸ್ಸುಗಳ ಜಾತ್ರೆ. ಪ್ರವೇಶಕ್ಕೆ ಕೇಂದ್ರ ಸರ್ಕಾರದ್ದೊಂದು, ರಾಜ್ಯದ್ದೊಂದು, ಎರಡು ಶುಲ್ಕ. ಪಿರಮಿಡ್ ಹತ್ತಲು 2006ರಿಂದ ಬಿಡುವುದಿಲ್ಲ. ಉತ್ತರದ ಮೆಟ್ಟಿಲಿನೆದುರು ನಿಂತು ಚಪ್ಪಾಳೆ ತಟ್ಟಿದರೆ ಹಕ್ಕಿಯ ಕೂಗಿನಂಥ ಮಾರ್ದನಿ ಕೇಳುತ್ತದೆ. ಪ್ರತಿ ಮೆಟ್ಟಿಲೂ ಸದ್ದನ್ನು ತುಸು ತುಸು ತಡವಾಗಿ ಹಿಂದಿರುಗಿಸುವುದರಿಂದ ಹೀಗೆ.

ಹಲವರು ಎಡವುವುದು ಗಡಿಯಾರದಲ್ಲಿ. ಕಾನ್‌ಕುನ್ ಇರುವುದು ಕಿಂಟಾನಾ ರೂ ರಾಜ್ಯದಲ್ಲಿ, ಚಿಚೆನ್ ಇಟ್ಜಾ ಯುಕಟಾನ್ ರಾಜ್ಯದಲ್ಲಿ. ಎರಡರ ನಡುವೆ ಒಂದು ಗಂಟೆ ವ್ಯತ್ಯಾಸ. ಹೋಗುವಾಗ ಒಂದು ಗಂಟೆ ಉಳಿಯುತ್ತದೆ, ವಿಮಾನ ಹಿಡಿಯಲು ವಾಪಸು ಬರುವಾಗ ಅದೇ ಒಂದು ಗಂಟೆ ಹೋಗುತ್ತದೆ.