ಜೋಗವೋ, ಕುಂಚಿಕಲ್ಲೋ, ನೊಹ್ಕಲಿಕೈಯೋ? – ಸಂಪಾದಕರ ಉತ್ತರ

ಮಾನ್ಯರೇ,

ನಮ್ಮ ರಸಪ್ರಶ್ನೆ ಪುಟದ ಬಗೆಗೆ ತಾವು ಸಾಗರದಿಂದ ಬರೆದ ಪತ್ರ ತಲುಪಿದೆ. ಭಾರತದ ಅತಿ ಎತ್ತರದ ಜಲಪಾತ ಯಾವುದೆಂಬುದಕ್ಕೆ ಒಂದು ಮಾರ್ಗದರ್ಶಿ ಪುಸ್ತಕ ಜೋಗವೆಂದೂ, ಇನ್ನೊಂದು ಕುಂಚಿಕಲ್ ಎಂದೂ, ನಮ್ಮ ಪುಟ ನೊಹ್ಕಲಿಕೈ ಎಂದೂ ಹೇಳುತ್ತಿವೆ. ಇದರಿಂದಾಗಿ ತಮ್ಮ ಶಾಲೆಯ ಸ್ಪರ್ಧೆಯಲ್ಲಿ ಜೋಗವೆಂದ ತಂಡಕ್ಕೆ ಅಂಕ ಕೊಡಬೇಕೋ ಕುಂಚಿಕಲ್ ಎಂದ ತಂಡಕ್ಕೆ ಕೊಡಬೇಕೋ ಎಂದು ತೀರ್ಪುಗಾರರಿಗೆ ತಿಳಿಯದೆ ಹೋಯಿತು ಎಂದು ತಾವು ತಿಳಿಸಿದ್ದೀರಿ. ‘ಸಾಮಾನ್ಯ ಜ್ಞಾನವೆಂದ ಮೇಲೆ ಪ್ರಶ್ನೆಗೆ ಒಂದೇ ಉತ್ತರವಿರಬೇಕು, ಇಲ್ಲವಾದರೆ ಪುಟವನ್ನೇ ನಿಲ್ಲಿಸಿರಿ’ ಎಂಬುದು ತಮ್ಮ ಆಗ್ರಹ. ಪುಟವನ್ನು ನಿಲ್ಲಿಸುವ ವಿಚಾರ ನಮಗಿಲ್ಲ. ಆದರೆ ಒಂದು ಪ್ರಶ್ನೆಗೆ ಒಂದೇ ಉತ್ತರವಿರಬೇಕೆಂಬ ತಮ್ಮ ಮಾತನ್ನು ನಾವೂ ಒಪ್ಪುತ್ತೇವೆ. ಹಾಗಿರಬೇಕಾದರೆ ಯಾವ ಅಳತೆ, ಯಾವ ದಿನಾಂಕ ಎಂಬುದು ಪ್ರಶ್ನೆಯೊಳಗೇ ಇರಬೇಕು ಎಂಬುದಷ್ಟೇ ನಮ್ಮ ವಾದ.

ನಮ್ಮ ಪುಟದಲ್ಲಿ ಕೇಳಿದ್ದು ‘ನಡುವೆ ಎಲ್ಲೂ ತಡೆಯದೆ ಒಂದೇ ಧುಮುಕಿಗೆ ಬೀಳುವ ಜಲಪಾತಗಳಲ್ಲಿ ಭಾರತದ ಅತಿ ಎತ್ತರದ್ದು ಯಾವುದು’ ಎಂದು. ಅದಕ್ಕೆ ಮೇಘಾಲಯದ ಚಿರಾಪುಂಜಿಯ ಬಳಿಯ ನೊಹ್ಕಲಿಕೈ ಸರಿಯುತ್ತರ. ಅದರ ಎತ್ತರ 340 ಮೀಟರ್. ರಾಜ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕು ಕವಲಾಗಿ ಶರಾವತಿ ಧುಮುಕುವ ಜೋಗದ ಎತ್ತರ 253 ಮೀಟರ್, ಅಂದರೆ ಹಳಬರ ಬಾಯಲ್ಲಿ ಇಂದಿಗೂ ಉಳಿದಿರುವ 830 ಅಡಿ. ವಾರಾಹಿ ನದಿಯ ಕುಂಚಿಕಲ್ ಇವೆರಡರಂತೆ ನೇರವಾಗಿ ಬೀಳುವುದಿಲ್ಲ, ಬಂಡೆಯಿಂದ ಬಂಡೆಗೆ ಹಂತಹಂತವಾಗಿ ಇಳಿಯುತ್ತದೆ. ಪಟ್ಟಿಗಳಲ್ಲಿ ಅದರ ಹೆಸರಿನ ಮುಂದೆ ಕಾಣುವ 455 ಮೀಟರ್ ಎಂಬುದು ಆ ಎಲ್ಲ ಹಂತಗಳನ್ನೂ ಕೂಡಿಸಿ ಹೇಳುವ ಲೆಕ್ಕ. ಹಂತಗಳ ನಡುವಣ ಇಳಿಜಾರನ್ನು ಎಲ್ಲಿಂದ ಎಲ್ಲಿಯವರೆಗೆ ಜಲಪಾತವೆಂದು ಎಣಿಸಬೇಕೆಂಬ ಬಗ್ಗೆ ಜಲಪಾತಗಳನ್ನು ಅಳೆಯುವವರಲ್ಲೇ ಒಮ್ಮತವಿಲ್ಲದ್ದರಿಂದ, ಆ ಸಂಖ್ಯೆಯನ್ನು ನಾವು ನಮ್ಮ ಪುಟದಲ್ಲಿ ಬಳಸುವುದಿಲ್ಲ. ವಾರಾಹಿ ವಿದ್ಯುತ್ ಯೋಜನೆ ಬಂದ ಮೇಲೆ ಅಲ್ಲಿ ಮಳೆಗಾಲದ ಹೊರತು ನೀರು ಕಾಣಸಿಗುವುದೇ ಅಪರೂಪವೆಂಬುದು ಬೇರೆ ಮಾತು. ಮಲೆನಾಡಿನವರಾದ ತಮಗೆ ಅದನ್ನು ನಾವು ಹೇಳಬೇಕಾಗಿಲ್ಲ. ತಮ್ಮ ಶಾಲೆಯ ಸ್ಪರ್ಧೆಯಲ್ಲಿ ಬರಿದೇ ‘ಅತಿ ಎತ್ತರದ ಜಲಪಾತ’ ಎಂದು ಕೇಳಿದ್ದರೆ, ಆ ಪ್ರಶ್ನೆಯನ್ನು ರದ್ದುಪಡಿಸಿ ಎರಡೂ ತಂಡಗಳಿಗೆ ಹೊಸದೊಂದನ್ನು ಕೇಳುವುದೇ ನ್ಯಾಯ. ಜೋಗವೆಂದ ಮಕ್ಕಳಿಗೆ ಅಂಕ ತಪ್ಪಿತೆಂಬ ಬೇಸರ ತಮ್ಮ ಪತ್ರದಲ್ಲಿ ಕಾಣುತ್ತದೆ. ಆದರೆ ಅಭಿಮಾನಕ್ಕೆ ಅಂಕ ಕೊಡಲು ಬರುವುದಿಲ್ಲ.

ಅಭಿಮಾನದ ಮಾತು ಬಂದದ್ದರಿಂದ, ತಾವು ಕೇಳದಿದ್ದರೂ, ನಮ್ಮ ನಾಡಿನ ರಸಪ್ರಶ್ನೆಗಳಲ್ಲಿ ತಪ್ಪದೆ ಬರುವ ಇನ್ನೊಂದು ಪ್ರಶ್ನೆಯನ್ನು ಇಲ್ಲಿ ಎತ್ತುತ್ತೇವೆ. ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಯಾವುದೆಂದರೆ ಶಿವನಸಮುದ್ರ ಎಂದು ತಲೆಮಾರುಗಳಿಂದ ಬಾಯಿಪಾಠ ಮಾಡಿಸುತ್ತ ಬಂದಿದ್ದೇವೆ. ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದದ್ದು 1902ರಲ್ಲಿ. ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್‌ನಲ್ಲಿ 130 ಕಿಲೋವಾಟ್‌ನ ಚಿಕ್ಕ ಕೇಂದ್ರವೊಂದು 1897ರಲ್ಲೇ ಶುರುವಾಗಿತ್ತು. ಜಪಾನಿನ ಕ್ಯೋಟೋ ನಗರದ ಕೆಯಾಗೆ ಕೇಂದ್ರವಂತೂ 1891ರದು. ಹಾಗಾಗಿ ‘ಏಷ್ಯಾದ ಮೊದಲನೆಯದು’ ಎಂಬ ಉತ್ತರ ನಿಲ್ಲುವುದಿಲ್ಲ. ಶಿವನಸಮುದ್ರದ ಹಿರಿಮೆ ಇರುವುದು ವಿದ್ಯುತ್ತನ್ನು ಸಾಗಿಸಿದ ದೂರದಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಆ ಯೋಜನೆ, ಕಾವೇರಿಯ ದಡದಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು ಅಲ್ಲೇ ಉರಿಸದೆ, ಸುಮಾರು 147 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಸಾಗಿಸಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಗಣಿಗೆ ಮೊದಲು, ಊರಿಗೆ ಆಮೇಲೆ. ‘ಮೊದಲ’ ಎಂಬ ಒಂದು ಪದವನ್ನು ಕಾಪಾಡುವ ಭರದಲ್ಲಿ ಈ ಕಥೆಯನ್ನೇ ಮಕ್ಕಳಿಗೆ ಹೇಳದೆ ಉಳಿದುಬಿಡುತ್ತೇವೆ ಎಂಬುದು ನಮ್ಮ ಕೊರಗು.

ಕನ್ನಡದ ಅತ್ಯಂತ ಹಳೆಯ ಶಾಸನ ಹಲ್ಮಿಡಿಯದೋ ತಾಳಗುಂದದ್ದೋ ಎಂಬ ತಮ್ಮ ಎರಡನೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನದಲ್ಲಿ ವರ್ಷವನ್ನು ನಮೂದಿಸಿಲ್ಲ. ಲಿಪಿಯ ಲಕ್ಷಣ ಮತ್ತು ಅದರಲ್ಲಿ ಬರುವ ಅರಸರ ಹೆಸರುಗಳನ್ನು ಆಧರಿಸಿ ವಿದ್ವಾಂಸರು ಅದನ್ನು ಕ್ರಿ.ಶ. 450ರ ಸುಮಾರಿನದೆಂದು ಹೇಳುತ್ತ ಬಂದಿದ್ದಾರೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ ಭಾರತೀಯ ಪುರಾತತ್ವ ಸರ್ವೇಕ್ಷಣೆ ನಡೆಸಿದ ಉತ್ಖನನದಲ್ಲಿ ಸಿಂಹಕಟಾಂಜನ ಶಾಸನ ದೊರೆತು, ಅದನ್ನು ಕ್ರಿ.ಶ. 370ರದೆಂದು ಗುರುತಿಸಿದ ಮೇಲೆ ಹಳೆಯ ಉತ್ತರ ಅಲುಗಾಡಿತು. ಎಲ್ಲ ವಿದ್ವಾಂಸರೂ ಆ ಕಾಲನಿರ್ಣಯವನ್ನು ಒಪ್ಪಿಲ್ಲವಾದ್ದರಿಂದ, ನಾವು ‘ಪುರಾತತ್ವ ಸರ್ವೇಕ್ಷಣೆ ಕ್ರಿ.ಶ. 370ರದೆಂದು ಗುರುತಿಸಿದ ಕನ್ನಡ ಶಾಸನ ಯಾವುದು’ ಎಂದು ಕೇಳುತ್ತೇವೆ. ಪ್ರಶ್ನೆ ಉದ್ದವಾಯಿತೆಂದು ತಾವು ಆಕ್ಷೇಪಿಸಬಹುದು. ಉದ್ದವಾಗಲಿ, ಚಿಂತೆಯಿಲ್ಲ.

ಶನಿ ಗ್ರಹದ ಉಪಗ್ರಹಗಳೆಷ್ಟು ಎಂಬುದರಲ್ಲಿ ಜಗಳವೇನೂ ಇಲ್ಲ, ದಿನಾಂಕ ಹೇಳಿದರೆ ಸಾಕು: 2019ರಲ್ಲಿ 82 ಇದ್ದದ್ದು 2023ರಲ್ಲಿ 146 ಆಯಿತು, 2025ರ ಮಾರ್ಚ್‌ನಲ್ಲಿ ಒಮ್ಮೆಲೇ 128 ಸೇರಿ 274 ಆಯಿತು. ಇಂತಿಷ್ಟು ಗಾತ್ರವಿದ್ದರೆ ಮಾತ್ರ ಉಪಗ್ರಹ ಎಂಬ ಕನಿಷ್ಠ ಮಿತಿಯನ್ನು ಯಾರೂ ಗೊತ್ತುಮಾಡಿಲ್ಲವಾದ್ದರಿಂದ, ಕೆಲವೇ ಕಿಲೋಮೀಟರ್ ಅಗಲದ ತುಣುಕುಗಳೂ ಕಕ್ಷೆ ಖಚಿತವಾದೊಡನೆ ಪಟ್ಟಿಗೆ ಸೇರುತ್ತವೆ. ಎವರೆಸ್ಟ್ ಸಮುದ್ರಮಟ್ಟದಿಂದ ಅಳೆದಾಗ ಅತಿ ಎತ್ತರದ್ದು, ಭೂಮಿಯ ಕೇಂದ್ರದಿಂದ ಅಳೆದರೆ ಎಕ್ವಡಾರ್‌ನ ಚಿಂಬೊರಾಜೊ ಅದನ್ನು ಮೀರುತ್ತದೆ ಎಂಬುದು ತಮಗೆ ತಿಳಿದೇ ಇದೆ. ಹಾಕಿ ರಾಷ್ಟ್ರೀಯ ಕ್ರೀಡೆ ಎಂಬ ಉತ್ತರವನ್ನು ಮಾತ್ರ ದಯವಿಟ್ಟು ಕೈಬಿಡಿ. ಯಾವ ಕ್ರೀಡೆಯನ್ನೂ ಹಾಗೆ ಘೋಷಿಸಿಲ್ಲವೆಂದು ಕೇಂದ್ರ ಕ್ರೀಡಾ ಸಚಿವಾಲಯವೇ 2012ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರಿಸಿದೆ.

ಇನ್ನು ಸ್ಪರ್ಧಾತ್ಮಕ ಪರೀಕ್ಷೆ ಬರೆಯುವ ಮಕ್ಕಳು ಏನು ಮಾಡಬೇಕೆಂಬ ತಮ್ಮ ಆತಂಕ. ಪರೀಕ್ಷಾ ಕೊಠಡಿಯಲ್ಲಿ ಕುಳಿತು ಪ್ರಶ್ನೆಯೊಡನೆ ವಾದಿಸಲು ಆಗುವುದಿಲ್ಲ. ಪ್ರಶ್ನೆಯಲ್ಲಿ ಅಳತೆಯಿಲ್ಲದಿದ್ದರೆ ಕೊಟ್ಟ ನಾಲ್ಕು ಆಯ್ಕೆಗಳನ್ನೇ ನೋಡಬೇಕು: ನೊಹ್ಕಲಿಕೈ ಮತ್ತು ಜೋಗ ಇದ್ದು ಕುಂಚಿಕಲ್ ಇಲ್ಲದಿದ್ದರೆ, ಪ್ರಶ್ನೆ ಬರೆದವರ ಮನಸ್ಸಿನಲ್ಲಿ ಒಂದೇ ಧುಮುಕಿನ ಲೆಕ್ಕವಿತ್ತೆಂದು ಊಹಿಸಬಹುದು. ಮೂರೂ ಇದ್ದರೆ ಸರ್ಕಾರಿ ಪಠ್ಯಪುಸ್ತಕ ಹೇಳುವುದನ್ನು ಗುರುತಿಸಿ ಮುಂದಕ್ಕೆ ಹೋಗುವುದೇ ಲೇಸು. ತಾತ್ಕಾಲಿಕ ಕೀ ಉತ್ತರಗಳನ್ನು ಪ್ರಕಟಿಸಿ ಆಕ್ಷೇಪಣೆ ಕರೆದಾಗ, ನಿಗದಿತ ದಿನದೊಳಗೆ ಪಠ್ಯದ ಪುಟವನ್ನೋ ಇಲಾಖೆಯ ದಾಖಲೆಯನ್ನೋ ಲಗತ್ತಿಸಿ ಅರ್ಜಿ ಸಲ್ಲಿಸಲಿ. ಮಾರ್ಗದರ್ಶಿ ಪುಸ್ತಕದ ಪುಟವನ್ನಾಗಲಿ ನಮ್ಮ ಪತ್ರಿಕೆಯ ಪುಟವನ್ನಾಗಲಿ ಲಗತ್ತಿಸಿದರೆ ಅಲ್ಲಿ ನಡೆಯುವುದಿಲ್ಲ.

– ಸಂಪಾದಕ