ನೆಟ್‌ವರ್ಕ್ ಇಲ್ಲ ಅಂದ್ರೆ ಫೈಲ್ ಹೋಗಲ್ವಾ?

ಈ ಸಲದ ಪ್ರಶ್ನೆಗಳೆಲ್ಲ ಹೆಚ್ಚು ಕಡಿಮೆ ಒಂದೇ ವಿಷಯದ ಸುತ್ತ ಬಂದಿವೆ. ಇಂಟರ್ನೆಟ್ ಇಲ್ಲದ ಕಡೆ ಪುಸ್ತಕ, ವಿಡಿಯೋ, ಪಾಠ ಹಂಚುವುದು ಹೇಗೆ? ಅದಕ್ಕೆ ಓಪನ್ ಸೋರ್ಸ್‌ನಲ್ಲಿ, ಅಂದರೆ ಕೋಡ್ ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್‌ಗಳಲ್ಲಿ, ಏನಿದೆ? ಇಲ್ಲದ್ದನ್ನು ನಾವೇ ಬರೆಯಬಹುದಾ? ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಹಾಗಾಗಿ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನಮ್ಮದು ಮಲೆನಾಡಿನ ಹಿರಿಯ ಪ್ರಾಥಮಿಕ ಶಾಲೆ. ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ದಾನಿಗಳು ಕೊಟ್ಟ ಹಳೇ ಲ್ಯಾಪ್‌ಟಾಪ್‌ಗಳಿವೆ. ವಿಕಿಪೀಡಿಯವನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬರಬಹುದು ಅಂತ ಯಾರೋ ಹೇಳಿದರು. ನಿಜವಾ? ಖರ್ಚು ಎಷ್ಟು? — ಶಿಕ್ಷಕಿ, ಹೊಸನಗರ ತಾಲೂಕು

ನಿಜ ಮೇಡಂ. ಸಾಫ್ಟ್‌ವೇರ್‌ಗೆ ಒಂದು ರೂಪಾಯಿಯೂ ಖರ್ಚಿಲ್ಲ. ಅದರ ಹೆಸರು ಕಿವಿಕ್ಸ್. 2007ರಲ್ಲಿ ಶುರುವಾದದ್ದು, ಈಗ ಸ್ವಿಟ್ಜರ್ಲೆಂಡಿನ ಒಂದು ಸಂಸ್ಥೆ ಲಾಭದ ಆಸೆಯಿಲ್ಲದೆ ನಡೆಸುತ್ತಿದೆ. ವಿಕಿಪೀಡಿಯದಂಥ ಇಡೀ ತಾಣವನ್ನು ಜಿಮ್ ಅನ್ನುವ ಒಂದೇ ಫೈಲಿನಲ್ಲಿ ಒತ್ತಿ ತುಂಬಿರುತ್ತಾರೆ. ಆ ಫೈಲನ್ನು ಕಿವಿಕ್ಸ್‌ನಲ್ಲಿ ತೆರೆದರೆ ಲಿಂಕು, ಚಿತ್ರ, ಹುಡುಕಾಟ ಎಲ್ಲ ನೆಟ್‌ನಲ್ಲಿದ್ದ ಹಾಗೇ ನಡೆಯುತ್ತದೆ. ಫೈಲನ್ನು ಮೊದಲೇ ಪೂರ್ತಿ ಬಿಚ್ಚಬೇಕಾಗಿಲ್ಲ, ನೀವು ಕೇಳಿದ ಪುಟ ಇರುವ ತುಂಡನ್ನಷ್ಟೇ ಬಿಚ್ಚಿ ತೋರಿಸುತ್ತದೆ, ಅದಕ್ಕೇ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಚಿತ್ರ ಸಮೇತ ಇಂಗ್ಲಿಷ್ ವಿಕಿಪೀಡಿಯ 100 ಜಿಬಿ ದಾಟುತ್ತದೆ. ನಿಮಗೆ ಅದು ಬೇಡ. ಕನ್ನಡದ್ದು ತುಂಬಾ ಚಿಕ್ಕದು, ಸಾಮಾನ್ಯ ಪೆನ್‌ಡ್ರೈವ್‌ನಲ್ಲಿ ಆರಾಮಾಗಿ ಹಿಡಿಯುತ್ತದೆ. ದೊಡ್ಡ ತಾಣಗಳಿಗೆ ಚಿತ್ರ ಬಿಟ್ಟಿರುವ ಆವೃತ್ತಿಯೂ, ಲೇಖನದ ಮೊದಲ ಭಾಗವಷ್ಟೇ ಇರುವ ಆವೃತ್ತಿಯೂ ಸಿಗುತ್ತದೆ. ಇದರ ಜೊತೆಗೆ ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ಪ್ರಯೋಗಗಳನ್ನೂ ಇಳಿಸಿಕೊಳ್ಳಿ. ವಿದ್ಯುತ್ ಮಂಡಲ, ಭಿನ್ನರಾಶಿ, ತೂಕದ ಸಮತೋಲನ ಇಂಥವನ್ನು ಮಕ್ಕಳು ಪರದೆ ಮೇಲೆ ತಾವೇ ಆಡಿಸಿ ನೋಡಬಹುದು, ಹಲವು ಕನ್ನಡದಲ್ಲೇ ಇವೆ. ನನ್ನನ್ನು ಕೇಳಿದರೆ ಆರನೇ ಕ್ಲಾಸಿನ ಮಕ್ಕಳಿಗೆ ವಿಕಿಪೀಡಿಯಕ್ಕಿಂತ ಇದೇ ಜಾಸ್ತಿ ಇಷ್ಟವಾಗುತ್ತದೆ.

ಎಲ್ಲರೂ ಮುಗ್ಗರಿಸುವ ಒಂದು ಜಾಗ ಇದೆ, ಈಗಲೇ ಹೇಳಿಬಿಡುತ್ತೇನೆ. ಬಹಳಷ್ಟು ಪೆನ್‌ಡ್ರೈವ್‌ಗಳು ಫ್ಯಾಟ್32 ಅನ್ನುವ ಹಳೇ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿರುತ್ತವೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದು ಫೈಲ್ ಕೂರುವುದೇ ಇಲ್ಲ. ಪೆನ್‌ಡ್ರೈವ್‌ನಲ್ಲಿ 60 ಜಿಬಿ ಖಾಲಿ ಇದ್ದರೂ ಕಂಪ್ಯೂಟರ್ ಜಾಗ ಸಾಲದು ಅನ್ನುವ ಥರ ಗೊಣಗುತ್ತದೆ, ನೀವು ಪೆನ್‌ಡ್ರೈವ್ ಕೆಟ್ಟಿದೆ ಅಂದುಕೊಂಡು ಅಂಗಡಿಗೆ ಹೋಗುತ್ತೀರಿ. ಎಕ್ಸ್‌ಫ್ಯಾಟ್ ಅನ್ನುವ ಹೊಸ ಪದ್ಧತಿಗೆ ಫಾರ್ಮ್ಯಾಟ್ ಮಾಡಿಕೊಂಡರೆ ಆಯಿತು. ಅದಕ್ಕೆ ಮುಂಚೆ ಒಳಗಿರುವುದನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ.

ಇನ್ನು ಒಂದು ಲ್ಯಾಪ್‌ಟಾಪಿನಲ್ಲಿ ಇರುವುದನ್ನು ಉಳಿದವಕ್ಕೆ ತಲುಪಿಸುವುದು. ಕಿವಿಕ್ಸ್‌ನ ಒಳಗೇ ಒಂದು ಸರ್ವರ್ ಇದೆ. ಅದನ್ನು ಚಾಲೂ ಮಾಡಿ, ಎಲ್ಲ ಯಂತ್ರಗಳನ್ನೂ ಒಂದೇ ವೈಫೈಗೆ ಸೇರಿಸಿದರೆ, ಬೇರೆಯವರು ತಮ್ಮ ಬ್ರೌಸರ್‌ನಲ್ಲಿ ಅದು ತೋರಿಸುವ ವಿಳಾಸ ಹೊಡೆದು ಓದಬಹುದು, ಅವರ ಯಂತ್ರದಲ್ಲಿ ಏನೂ ಹಾಕಬೇಕಾಗಿಲ್ಲ. ವೈಫೈಗೆ ಇಂಟರ್ನೆಟ್ ಬೇಕಿಲ್ಲ, ಮನೆಯಲ್ಲಿ ಮೂಲೆಗೆ ಬಿದ್ದಿರುವ ಹಳೇ ರೂಟರ್ ಸಾಕು. ಆದರೆ ಫೋನುಗಳು ಕಿರಿಕಿರಿ ಮಾಡುತ್ತವೆ. ಈ ವೈಫೈಯಲ್ಲಿ ಇಂಟರ್ನೆಟ್ ಇಲ್ಲ ಅಂತ ಹೇಳಿ ತಾವಾಗಿಯೇ ಮೊಬೈಲ್ ಡೇಟಾಗೆ ಜಾರಿಬಿಡುತ್ತವೆ. ಡೇಟಾ ಆಫ್ ಮಾಡಿಸಿ, ಅಥವಾ ಆ ಸೂಚನೆ ಬಂದಾಗ ಪರವಾಗಿಲ್ಲ, ಇದರಲ್ಲೇ ಇರು ಅನ್ನುವ ಆಯ್ಕೆ ಒತ್ತಿಸಿ.

ಕರೆಂಟಿನ ಮಾತಿಗೆ ಬಂದರೆ, ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ತೆಗೆದುಕೊಂಡು ಪವರ್ ಬ್ಯಾಂಕ್‌ನಲ್ಲಿ ಓಡಿಸುವವರಿದ್ದಾರೆ. ಇಂಟರ್ನೆಟ್ ಇನ್ ಎ ಬಾಕ್ಸ್ ಅನ್ನುವ ಓಪನ್ ಸೋರ್ಸ್ ಯೋಜನೆ ಇದಕ್ಕಂತಲೇ ಇದೆ, ಅದರಲ್ಲಿ ಕಿವಿಕ್ಸ್, ನಕ್ಷೆ, ಪಾಠಗಳು ಎಲ್ಲ ಒಟ್ಟಿಗೆ ಬರುತ್ತವೆ. ಚೆನ್ನಾಗಿದೆ. ಆದರೆ ಪೈ ಮೆಮೊರಿ ಕಾರ್ಡಿನಿಂದ ಓಡುತ್ತದೆ, ಬರೆಯುತ್ತಿರುವಾಗ ಪಟಕ್ಕನೆ ಕರೆಂಟ್ ಹೋದರೆ ಕಾರ್ಡ್ ಕೆಡಬಹುದು. ನಿಮ್ಮ ಊರಿನ ಮಳೆಗಾಲಕ್ಕೆ ಅದು ವಾರಕ್ಕೊಂದು ತಲೆನೋವು. ಬ್ಯಾಟರಿ ಇನ್ನೂ ಸ್ವಲ್ಪ ಜೀವ ಹಿಡಿದಿರುವ ಹಳೇ ಲ್ಯಾಪ್‌ಟಾಪ್ ನಿಮ್ಮಲ್ಲಿದ್ದರೆ ಅದನ್ನೇ ಸರ್ವರ್ ಮಾಡಿ. ದುಡ್ಡೂ ಉಳಿಯುತ್ತದೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಕೊನೆ ವರ್ಷ. ಶೇರ್‌ಇಟ್ ತರಹ ನೆಟ್ ಇಲ್ಲದೆ ಫೈಲ್ ಕಳಿಸುವ ಆ್ಯಪ್ ಅನ್ನು ಓಪನ್ ಸೋರ್ಸ್‌ನಲ್ಲಿ, ಕನ್ನಡದಲ್ಲಿ ಮಾಡಬೇಕು ಅಂತ ಪ್ರಾಜೆಕ್ಟ್ ಹಾಕಿಕೊಂಡಿದ್ದೇವೆ. ಎಲ್ಲಿಂದ ಶುರು ಮಾಡಲಿ? — ವಿದ್ಯಾರ್ಥಿ, ಕಲಬುರಗಿ

ಬೇಸರ ಮಾಡಿಕೊಳ್ಳಬೇಡಿ, ಇನ್ನೊಂದು ಶೇರ್‌ಇಟ್ ಬೇಡ. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತಲ್ಲ, ಅದರಲ್ಲಿ ಶೇರ್‌ಇಟ್, ಕ್ಸೆಂಡರ್ ಎರಡೂ ಹೋದವು. ಆಗ ಒಂದು ಖಾಲಿ ಜಾಗ ಇದ್ದದ್ದು ನಿಜ. ಈಗ ಅದು ತುಂಬಿದೆ. ಲೋಕಲ್‌ಸೆಂಡ್ ಇದೆ, ಫೋನು, ವಿಂಡೋಸ್, ಲಿನಕ್ಸ್, ಐಫೋನ್ ಎಲ್ಲದರಲ್ಲೂ ಓಡುತ್ತದೆ, ಜಾಹೀರಾತಿಲ್ಲ, ಅಕೌಂಟಿಲ್ಲ. ಫೋಲ್ಡರನ್ನೇ ಎರಡು ಯಂತ್ರಗಳ ನಡುವೆ ಸದಾ ಒಂದೇ ಥರ ಇಟ್ಟುಕೊಳ್ಳಬೇಕಾದರೆ ಸಿಂಕ್‌ಥಿಂಗ್ ಇದೆ. ಓಪನ್ ಸೋರ್ಸ್ ಆ್ಯಪ್‌ಗಳ ಅಂಗಡಿಯಾದ ಎಫ್-ಡ್ರಾಯ್ಡ್‌ನಲ್ಲಂತೂ ಪಕ್ಕದಲ್ಲಿರುವ ಫೋನಿಗೆ ಆ್ಯಪ್‌ಗಳನ್ನೇ ನೆಟ್ ಇಲ್ಲದೆ ಕೊಡುವ ಸೌಲಭ್ಯ ಇದೆ. ನೀವು ವರ್ಷಪೂರ್ತಿ ಕೂತು ಬರೆದದ್ದು ಇವುಗಳ ಹತ್ತಿರವೂ ಬರುವುದಿಲ್ಲ, ಪರೀಕ್ಷೆ ಮುಗಿದ ಮಾರನೇ ದಿನವೇ ನೀವೇ ಅದನ್ನು ಬಳಸುವುದನ್ನು ಬಿಡುತ್ತೀರಿ. ಎಷ್ಟು ಪ್ರಾಜೆಕ್ಟ್‌ಗಳು ಹೀಗೆ ಗಿಟ್‌ಹಬ್‌ನಲ್ಲಿ ಧೂಳು ತಿನ್ನುತ್ತಿಲ್ಲ ಹೇಳಿ.

ಹಾಗಂತ ಅವನ್ನು ನೋಡಿ ಕಲಿಯಬೇಡಿ ಅನ್ನುತ್ತಿಲ್ಲ, ಕೋಡ್ ತೆರೆದೇ ಇದೆ. ಮೊದಲು ಎರಡು ಫೋನು ಒಂದನ್ನೊಂದು ಹೇಗೆ ಪತ್ತೆ ಹಚ್ಚುತ್ತವೆ ನೋಡಿ. ಲೋಕಲ್‌ಸೆಂಡ್ ವೈಫೈಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಒಂದು ಚಿಕ್ಕ ಸಂದೇಶ ಕೂಗುತ್ತದೆ, ಅದನ್ನು ಕೇಳಿಸಿಕೊಂಡ ಯಂತ್ರ ತಾನು ಇಲ್ಲಿದ್ದೇನೆ ಅನ್ನುತ್ತದೆ, ಆಮೇಲೆ ಫೈಲ್ ಎಚ್‌ಟಿಟಿಪಿಎಸ್‌ನಲ್ಲಿ, ಅಂದರೆ ನಡುವೆ ಯಾರೂ ಓದಲಾಗದ ಹಾಗೆ ಗುಪ್ತವಾಗಿ, ಹೋಗುತ್ತದೆ. ಸಿಂಕ್‌ಥಿಂಗ್ ಫೈಲನ್ನು 128 ಕೆಬಿಯಿಂದ 16 ಎಂಬಿವರೆಗಿನ ತುಂಡುಗಳಾಗಿ ಕತ್ತರಿಸಿ ಪ್ರತಿ ತುಂಡಿಗೂ ಒಂದು ಗುರುತಿನ ಸಂಖ್ಯೆ ಲೆಕ್ಕ ಹಾಕುತ್ತದೆ, ಹಾಗಾಗಿ ನಡುವೆ ಕಡಿದುಹೋದರೆ ಮೊದಲಿಂದ ಶುರು ಮಾಡುವುದಿಲ್ಲ, ಬರದೇ ಇರುವ ತುಂಡುಗಳನ್ನಷ್ಟೇ ಕೇಳುತ್ತದೆ. ಬ್ಲೂಟೂತ್ ಯಾಕೆ ಬೇಡ ಅನ್ನುವುದೂ ಲೆಕ್ಕದಲ್ಲೇ ಗೊತ್ತಾಗುತ್ತದೆ. ಸೆಕೆಂಡಿಗೆ ಎರಡು ಮೆಗಾಬಿಟ್ ಸಿಕ್ಕಿತು ಅಂದುಕೊಂಡರೂ 1 ಜಿಬಿ ಹೋಗಲು ಒಂದು ಗಂಟೆಗಿಂತ ಜಾಸ್ತಿ ಬೇಕು.

ಈಗ ಕೆಲಸ ಎಲ್ಲಿ ಬಾಕಿ ಇದೆ ಅಂದರೆ, ಫೈಲ್ ತಲುಪಿದ ಮೇಲೆ. ನಿಮ್ಮ ಊರಿನ ಗ್ರಂಥಾಲಯದಲ್ಲೋ ಕಾಲೇಜಲ್ಲೋ ಐನೂರು ಪಿಡಿಎಫ್ ಒಂದು ಹಾರ್ಡ್‌ಡಿಸ್ಕ್‌ನಲ್ಲಿ ಇವೆ ಅಂದುಕೊಳ್ಳಿ. ಅದರಲ್ಲಿ ಬೇಕಾದ್ದನ್ನು ಕನ್ನಡದಲ್ಲಿ ಹುಡುಕಲು ಆಗುತ್ತಾ? ಅರ್ಧಕ್ಕರ್ಧ ಆಗುವುದಿಲ್ಲ. ಒಂದು ಕಾರಣ, ಹಳೆಯವೆಲ್ಲ ನುಡಿ, ಬರಹ ಕಾಲದ ಆಸ್ಕಿ ಫಾಂಟಿನಲ್ಲಿ ಇವೆ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಯಾವುದೋ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಎಲ್ಲ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್‌ಗೆ ತಿರುಗಿಸದೆ ಯಾವ ಹುಡುಕಾಟವೂ ಅದನ್ನು ಮುಟ್ಟುವುದಿಲ್ಲ. ಎರಡನೆಯದು ನಮ್ಮ ಪ್ರತ್ಯಯಗಳು. ಮಳೆ ಅಂತ ಹುಡುಕಿದವನಿಗೆ ಮಳೆಯಿಂದ, ಮಳೆಗೆ, ಮಳೆಯಲ್ಲಿ ಎಲ್ಲ ಸಿಗಬೇಕು ಅಲ್ವಾ? ಇಂಗ್ಲಿಷಿಗೆ ಪದದ ಬಾಲ ಕತ್ತರಿಸುವ ಪ್ರೋಗ್ರಾಂ ದಶಕಗಳಿಂದ ಇದೆ. ಕಿವಿಕ್ಸ್ ಹುಡುಕಾಟಕ್ಕೆ ಬಳಸುವುದು ಜೇಪಿಯನ್ ಅನ್ನುವ ಓಪನ್ ಸೋರ್ಸ್ ಎಂಜಿನ್, ಅದಕ್ಕೆ ಕನ್ನಡದ ಬಾಲ ಕತ್ತರಿಸಲು ಬರುವುದಿಲ್ಲ. ಮೂರನೆಯದು ಇನ್ನೂ ಚಿಕ್ಕದು, ಆದರೆ ತಲೆ ತಿನ್ನುತ್ತದೆ. ರ‍್ಯಾಂಕ್ ಅಂತ ಟೈಪ್ ಮಾಡುವಾಗ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ ಕೂರುತ್ತದೆ, ಒಬ್ಬರು ಅದನ್ನು ಹಾಕಿರುತ್ತಾರೆ, ಇನ್ನೊಬ್ಬರು ಹಾಕದೆ ಅರ್ಕಾವತ್ತು ಬರಿಸಿರುತ್ತಾರೆ, ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ ಪದ. ಕೋ ಅನ್ನುವ ಅಕ್ಷರವನ್ನೂ ಯೂನಿಕೋಡ್‌ನಲ್ಲಿ ಒಟ್ಟಾಗಿಯೂ ಬಿಡಿಬಿಡಿಯಾಗಿಯೂ ಬರೆಯಬಹುದು. ಫೈಲಿನ ಹೆಸರಲ್ಲಿ ಹೀಗಾದರೆ ಒಂದೇ ಫೈಲ್ ಎರಡೆರಡು ಸಲ ಕಾಣಿಸಿಕೊಳ್ಳುತ್ತದೆ.

ನನ್ನ ಸಲಹೆ ಇಷ್ಟು. ಜಿಮ್ ಫೈಲ್‌ಗಳಿಗೆ ಬೇಕಾದ ಸಲಕರಣೆ ಮಾಡುವ ಓಪನ್‌ಜಿಮ್ ಯೋಜನೆಯಲ್ಲಿ ನಾಟಿಲಸ್ ಅನ್ನುವ ಸಲಕರಣೆ ಇದೆ, ಪಿಡಿಎಫ್, ಆಡಿಯೋ, ವಿಡಿಯೋಗಳ ಒಂದು ರಾಶಿ ಕೊಟ್ಟರೆ ಕಿವಿಕ್ಸ್‌ನಲ್ಲಿ ನೋಡಬಹುದಾದ ಜಿಮ್ ಫೈಲ್ ಕಟ್ಟಿಕೊಡುತ್ತದೆ. ಅದರ ಮುಂದೆ ನಿಲ್ಲುವ ಒಂದು ಪ್ರೋಗ್ರಾಂ ಬರೆಯಿರಿ. ಆಸ್ಕಿ ಕಂಡರೆ ಯೂನಿಕೋಡ್ ಮಾಡಬೇಕು, ಕಾಣದ ಅಕ್ಷರಗಳನ್ನು ಒಂದೇ ಥರ ಮಾಡಬೇಕು, ಹತ್ತಿಪ್ಪತ್ತು ಸಾಮಾನ್ಯ ವಿಭಕ್ತಿ ಪ್ರತ್ಯಯಗಳನ್ನು ಕಿತ್ತು ಹುಡುಕಾಟಕ್ಕೆ ಕೊಡಬೇಕು. ವ್ಯಾಕರಣ ಪೂರ್ತಿ ಬೇಡ, ಒರಟಾಗಿ ಮಾಡಿದರೂ ಈಗಿನದಕ್ಕಿಂತ ಮೇಲು. ಪರೀಕ್ಷಿಸಲು ನಿಮ್ಮ ಜಿಲ್ಲೆಯದೇ ಸಾಮಗ್ರಿ ತಗೊಳ್ಳಿ. ಗೈಡ್ ಮೇಷ್ಟ್ರು ಆ್ಯಪ್ ಎಲ್ಲಿ, ಪರದೆ ಎಲ್ಲಿ ಅಂತ ಕೇಳಬಹುದು. ಕಿವಿಕ್ಸ್‌ನ ಪರದೆಯನ್ನೇ ತೋರಿಸಿ.

ಪ್ರಶ್ನೆ: ಲೋಕಲ್‌ಸೆಂಡ್ ಹಾಕಿಕೊಂಡೆವು. ನನ್ನ ಫೋನು, ಮಗಳ ಲ್ಯಾಪ್‌ಟಾಪು ಒಂದೇ ವೈಫೈಯಲ್ಲಿದ್ದರೂ ಒಂದಕ್ಕೊಂದು ಕಾಣುವುದೇ ಇಲ್ಲ. — ಗೃಹಿಣಿ, ದಾವಣಗೆರೆ

ಎರಡೇ ಕಡೆ ನೋಡಿ. ವಿಂಡೋಸ್‌ನಲ್ಲಿ ಆ ವೈಫೈ ಪಬ್ಲಿಕ್ ಅಂತ ಇದ್ದರೆ ಪ್ರೈವೇಟ್ ಅಂತ ಬದಲಿಸಿ, ಫೈರ್‌ವಾಲ್ ಕೇಳಿದಾಗ ಅನುಮತಿ ಕೊಡಿ. ಅದಕ್ಕೂ ಬಗ್ಗದಿದ್ದರೆ ರೂಟರ್‌ನಲ್ಲಿ ಐಸೋಲೇಷನ್ ಅನ್ನುವ ಸೆಟ್ಟಿಂಗ್ ಆನ್ ಆಗಿರಬೇಕು, ಅದು ಒಂದು ಯಂತ್ರ ಇನ್ನೊಂದನ್ನು ನೋಡದ ಹಾಗೆ ಅಡ್ಡ ನಿಲ್ಲುತ್ತದೆ. ಪಿಜಿ, ಹಾಸ್ಟೆಲ್, ಹೋಟೆಲ್ ವೈಫೈಗಳಲ್ಲಿ ಇದು ಮಾಮೂಲು. ಅಂಥ ಕಡೆ ರೂಟರ್ ಗೊಡವೆಯೇ ಬೇಡ, ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪನ್ನು ಅದಕ್ಕೇ ಸೇರಿಸಿ.

ಪ್ರಶ್ನೆ: ನಾವು ಹಳ್ಳಿ ಗ್ರಂಥಾಲಯಕ್ಕೆ ಕನ್ನಡ ಪುಸ್ತಕಗಳ ಪಿಡಿಎಫ್ ತುಂಬಿದ ಒಂದು ಡಬ್ಬಿ ಮಾಡುತ್ತಿದ್ದೇವೆ. ವಾಟ್ಸ್‌ಆ್ಯಪ್‌ನಲ್ಲಿ ಬಂದವನ್ನೆಲ್ಲ ಹಾಕಬಹುದಾ? ನೆಟ್ ಇಲ್ಲವಲ್ಲ, ಯಾರು ನೋಡುತ್ತಾರೆ? — ಯುವಕ ಸಂಘದ ಸದಸ್ಯ, ಹಾವೇರಿ ಜಿಲ್ಲೆ

ಯಾರೂ ನೋಡದಿರಬಹುದು ಸ್ವಾಮಿ, ಆದರೂ ಹಾಕಬಾರದು. ಕನ್ನಡದ ಪುಸ್ತಕ ಮಾರಿ ಬದುಕುವ ಪ್ರಕಾಶಕರು ಎಷ್ಟು ಮಂದಿ ಉಳಿದಿದ್ದಾರೆ ಅಂತ ನಿಮಗೂ ಗೊತ್ತು. ನೆಟ್ ಇಲ್ಲ ಅನ್ನುವುದರಿಂದ ಕಾಪಿರೈಟ್ ಹೋಗುವುದಿಲ್ಲ.

ಹಾಕಬಹುದಾದ್ದೇ ಬೇಕಾದಷ್ಟಿದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. 1960ರಲ್ಲಿ ತೀರಿಕೊಂಡವರ ಬರಹ 2021ರ ಜನವರಿ 1ಕ್ಕೆ ಎಲ್ಲರದಾಯಿತು. ಪಂಜೆ ಮಂಗೇಶರಾಯರು 1937ರಲ್ಲೇ ತೀರಿಕೊಂಡವರು, ಅವರ ಮಕ್ಕಳ ಕವಿತೆಗಳನ್ನು ಧಾರಾಳವಾಗಿ ಹಾಕಿ. ಆದರೆ ಅನುವಾದ, ಹೊಸ ಮುನ್ನುಡಿ, ಹೊಸ ಚಿತ್ರ ಇದ್ದರೆ ಅವಕ್ಕೆ ಬೇರೆ ಲೆಕ್ಕ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮೂಲ ಹೇಳಿ ಯಾರು ಬೇಕಾದರೂ ಹಂಚಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು, ಮುಕ್ತ ಪುಸ್ತಕಗಳ ತಾಣವಾದ ಕನ್ನಡ ವಿಕಿಸೋರ್ಸ್‌ನಲ್ಲಿ ನೋಡಿ. ವಿಕಿಪೀಡಿಯವನ್ನೂ ಹಂಚಬಹುದು, ಎಲ್ಲಿಂದ ಬಂತು, ಯಾವ ಪರವಾನಗಿ ಅನ್ನುವುದನ್ನು ಅಳಿಸದೆ ಇಟ್ಟರೆ ಸಾಕು. ಇನ್ನೊಂದು ದಾರಿ, ನಿಮ್ಮ ಊರಿನವರ ದನಿಯನ್ನೇ ರೆಕಾರ್ಡ್ ಮಾಡಿ ಹಾಕುವುದು. ಬೆಂಗಳೂರಿನ ಜನಸ್ತು ಅನ್ನುವ ಸಂಸ್ಥೆ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಕಡೆ ಹಳ್ಳಿಯವರದೇ ವೈಫೈ ಜಾಲ ಕಟ್ಟಿ, ಓದು ಬರಹ ಬಾರದವರೂ ಆಡಿಯೋ ಮೂಲಕ ಹಂಚಿಕೊಳ್ಳುವ ಓಪನ್ ಸೋರ್ಸ್ ಸಲಕರಣೆಗಳ ಮೇಲೆ ಕೆಲಸ ಮಾಡುತ್ತಿದೆ. ಸೋಬಾನೆ ಹಾಡುವ ಅಜ್ಜಿಯರು ನಿಮ್ಮ ಕಡೆಯೂ ಇದ್ದಾರಲ್ಲ. ಹಾಡಿಸುವ ಮುಂಚೆ ಅವರನ್ನು ಒಂದು ಮಾತು ಕೇಳಿ, ಅವರದ್ದೂ ಹಕ್ಕೇ.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ, ಕೋಡ್ ಬರೆಯಲು ಬರುವುದಿಲ್ಲ. ಇಂಥ ಕೆಲಸಕ್ಕೆ ನನ್ನಿಂದ ಏನಾದರೂ ಆಗುತ್ತದಾ? — ಓದುಗರು, ಮೈಸೂರು

ಆಗುತ್ತದೆ ಸಾರ್, ಕೋಡ್ ಬರೆಯುವವರು ಮಾಡದೆ ಬಿಟ್ಟ ಕೆಲಸವೇ ಇಲ್ಲಿ ಜಾಸ್ತಿ. ಕಿವಿಕ್ಸ್‌ನ ಗುಂಡಿ, ಸೂಚನೆಗಳನ್ನು ಅನುವಾದ ಮಾಡುವುದು ಟ್ರಾನ್ಸ್‌ಲೇಟ್‌ವಿಕಿ ತಾಣದಲ್ಲಿ, ಅಲ್ಲಿ ಖಾತೆ ತೆರೆದು ಕನ್ನಡದಲ್ಲಿ ಯಾವುದು ಬಾಕಿ ಇದೆ ಅಂತ ನೋಡಿ ಶುರು ಮಾಡಬಹುದು. ಅನುವಾದ ಮಾಡುವಾಗ ನಿಘಂಟಿನ ಪದ ಹುಡುಕಬೇಡಿ. ಡೌನ್‌ಲೋಡ್ ಅಂತಲೇ ಬರೆಯಿರಿ, ಹಳ್ಳಿ ಹುಡುಗನಿಗೂ ಅದೇ ಗೊತ್ತು. ಅದು ಬೇಸರ ಅನಿಸಿದರೆ ಕನ್ನಡ ವಿಕಿಸೋರ್ಸ್‌ನಲ್ಲಿ ಸ್ಕ್ಯಾನ್ ಆದ ಪುಟದ ಪಕ್ಕ ಟೈಪಾದ ಪಠ್ಯ ಇಟ್ಟು ಕರಡು ತಿದ್ದುವ ಕೆಲಸ ಇದೆ. ವರ್ಷಗಟ್ಟಲೆ ಲೆಡ್ಜರ್ ತಾಳೆ ನೋಡಿದವರಿಗೆ ಅದು ಸಲೀಸು. ನೀವು ತಿದ್ದಿದ ಪುಟ ಮುಂದಿನ ಜಿಮ್ ಫೈಲ್ ಕಟ್ಟುವಾಗ ಅದರೊಳಗೆ ಸೇರಿಕೊಳ್ಳುತ್ತದೆ.